ಹತ್ತು ಮೀಟರ್ ಏರ್ ರೈಫಲ್‌ಗೆ ಪೆಲೆಟ್ ಆರಿಸುವ ಬಗೆ

ಏರ್ ರೈಫಲ್‌ನಲ್ಲಿ ಕಾಡತೂಸೂ ಇಲ್ಲ, ಮದ್ದೂ ಇಲ್ಲ. ಗಾಳಿ, ಬ್ಯಾರೆಲ್, ಸೀಸದ ಪೆಲೆಟ್, ಇಷ್ಟೇ. ಗಾಳಿಯ ಒತ್ತಡವನ್ನು ರೆಗ್ಯುಲೇಟರ್ ಒಂದೇ ಸಮ ಇಡುತ್ತದೆ, ಬ್ಯಾರೆಲ್ ಇದ್ದ ಹಾಗೇ ಇರುತ್ತದೆ. ಪ್ರತಿ ಶಾಟ್‌ಗೂ ಹೊಸದಾಗಿ ಒಳಗೆ ಹೋಗುವುದು ಪೆಲೆಟ್ ಮಾತ್ರ. ಆದ್ದರಿಂದ ಶೂಟಿಂಗ್ ಜಾಕೆಟ್, ಗುರಿ ನೋಡುವ ಸೈಟ್ ಅಂತ ದುಡ್ಡು ಸುರಿಯುವ ಮೊದಲು ನಿಮ್ಮ ಬ್ಯಾರೆಲ್‌ಗೆ ಯಾವ ಪೆಲೆಟ್ ಒಗ್ಗುತ್ತದೆ ಅಂತ ನೋಡಿಕೊಳ್ಳಿ.

ಮೊದಲು ಆಕಾರ. ದಸರಾ ವಸ್ತುಪ್ರದರ್ಶನದ ಬಲೂನ್ ಅಂಗಡಿಯಲ್ಲಿ ಯಾವ ಪೆಲೆಟ್ ಹಾಕಿದರೂ ನಡೆಯುತ್ತದೆ, ಬಲೂನ್ ಒಡೆದರೆ ಸಾಕು. ಪೇಪರ್ ಟಾರ್ಗೆಟ್‌ಗೆ ಚಪ್ಪಟೆ ತಲೆಯ ವ್ಯಾಡ್‌ಕಟರ್ ಬೇಕು. ಅದು ಪೇಪರನ್ನು ಪಂಚಿಂಗ್ ಮಷೀನಿನ ಹಾಗೆ ಗುಂಡಗೆ ಕತ್ತರಿಸುತ್ತದೆ, ಅಂಕ ಎಣಿಸುವಾಗ ತಕರಾರು ಇರುವುದಿಲ್ಲ. ಚೂಪು ತಲೆಯ ಪೆಲೆಟ್ ನೋಡಲು ಜೋರಾಗಿ ಕಂಡರೂ ಅದರ ತುದಿ ಸರಿಯಾಗಿ ನಡುವಿನಲ್ಲಿ ಇರುವುದು ಅಪರೂಪ, ಮೇಲಾಗಿ ಪೇಪರನ್ನು ಹರಿಯುತ್ತದೆ. ಗುಂಡು ತಲೆಯದು 25 ಮೀಟರ್ ಮತ್ತು ಅದಕ್ಕಿಂತ ದೂರಕ್ಕೆ ಸರಿ, ಇಲ್ಲಿ ಬೇಡ.

ವ್ಯಾಡ್‌ಕಟರ್‌ನಲ್ಲೂ ರೈಫಲ್‌ಗೆ ಬೇರೆ, ಪಿಸ್ತೂಲಿಗೆ ಬೇರೆ. ರೈಫಲ್‌ನದು ಸಾಮಾನ್ಯವಾಗಿ 0.53 ಗ್ರಾಂ, ಪಿಸ್ತೂಲಿನದು ಅದಕ್ಕಿಂತ ಹಗುರ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಎರಡೂ ಈ ಎರಡು ಬಗೆಯಲ್ಲಿ ಬರುತ್ತವೆ. ಡಬ್ಬಿ ನೋಡಲು ಹೆಚ್ಚುಕಡಿಮೆ ಒಂದೇ ತರಹ, ಓದಿ ತೆಗೆದುಕೊಳ್ಳಿ.

ಡಬ್ಬಿಯ ಮೇಲೆ 4.49, 4.50 ಅಂತ ಬರೆದಿರುತ್ತದಲ್ಲ, ಅದು ಮಿಲಿಮೀಟರ್‌ನಲ್ಲಿ ಪೆಲೆಟ್‌ನ ತಲೆಯ ಅಳತೆ. ನೂರನೇ ಒಂದು ಭಾಗ ಮಿಲಿಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಬ್ಯಾರೆಲ್‌ನ ಒಳಗೆರೆಗಳ ಮೇಲೆ ಕೂತು ಪೆಲೆಟನ್ನು ನೇರವಾಗಿ ಹಿಡಿಯುವುದು ತಲೆ, ಹಿಂದಿನ ಟೊಳ್ಳು ಸ್ಕರ್ಟ್ ಹಿಗ್ಗಿ ಗಾಳಿಯನ್ನು ತಡೆಯುತ್ತದೆ. ತಲೆ ಸಡಿಲವಾದರೆ ಪೆಲೆಟ್ ಓಲಾಡುತ್ತಾ ಹೊರಡುತ್ತದೆ. ತೀರಾ ಬಿಗಿಯಾದರೆ ಒಳಗೇ ವೇಗ ಕಳೆದುಕೊಳ್ಳುತ್ತದೆ. ಯಾವ ಅಳತೆ ಹೊಂದುತ್ತದೆ ಅನ್ನುವುದನ್ನು ಬ್ಯಾರೆಲ್ ನೋಡಿ ಹೇಳಲಾಗದು. ಒಂದೇ ಕಂಪನಿಯ ಒಂದೇ ಮಾಡೆಲ್‌ನ ಎರಡು ರೈಫಲ್‌ಗಳಿಗೆ ಬೇರೆ ಬೇರೆ ಅಳತೆ ಒಗ್ಗುವುದುಂಟು. ಪಕ್ಕದ ಲೇನ್‌ನವರಿಗೆ 4.50 ಚೆನ್ನಾಗಿ ಹೋಗುತ್ತದೆ ಅಂತ ನೀವೂ ಹತ್ತು ಡಬ್ಬಿ ತಂದಿಡಬೇಡಿ.

ದಾರಿ ಒಂದೇ, ಪರೀಕ್ಷೆ. ಒಂದೊಂದು ಅಳತೆಯದು, ಸಾಧ್ಯವಾದರೆ ಎರಡು ಲಾಟ್‌ನದು, ಒಂದೊಂದೇ ಡಬ್ಬಿ ತನ್ನಿ. ಒಂದೇ ಸಲ ತಯಾರಾದ ಸರಕು ಒಂದು ಲಾಟ್. ಕ್ಲಬ್ಬಿನಲ್ಲಿ ನಾಲ್ಕು ಜನ ಸೇರಿ ಹಂಚಿಕೊಂಡರೆ ಖರ್ಚು ಹಗುರ. ರೈಫಲನ್ನು ಅಲುಗದಂತೆ ಕಚ್ಚಿ ಹಿಡಿಯುವ ವೈಸ್‌ಗೆ ಕಟ್ಟಬೇಕು, ಅದೂ ಆ್ಯಕ್ಷನ್, ಅಂದರೆ ಬ್ಯಾರೆಲ್ ಹಿಂದಿನ ಲೋಹದ ಭಾಗ ಹಿಡಿದು. ಬ್ಯಾರೆಲ್ ಹಿಡಿದು ಬಿಗಿದರೆ ಅದು ಒತ್ತಡಕ್ಕೆ ಬಾಗಿ ಫಲಿತಾಂಶವೇ ಸುಳ್ಳಾಗುತ್ತದೆ. ಸಿಲಿಂಡರ್ ತುಂಬಿಸಿಕೊಂಡು, ಲೆಕ್ಕಕ್ಕೆ ಇಡದ ಹತ್ತು ಶಾಟ್ ಹೊಡೆಯಿರಿ. ಸುಮ್ಮನೆ ಕೂತಿದ್ದ ರೆಗ್ಯುಲೇಟರ್ ಮೊದಲ ಕೆಲವು ಶಾಟ್‌ಗಳಲ್ಲಿ ಹದಕ್ಕೆ ಬಂದಿರುವುದಿಲ್ಲ. ಪೆಲೆಟ್ ಬದಲಿಸಿದಾಗಲೆಲ್ಲ ಮತ್ತೆ ಹತ್ತು ಹದಿನೈದು ಹೀಗೇ ಬಿಡಬೇಕು, ಹಿಂದಿನ ಪೆಲೆಟ್ ಬ್ಯಾರೆಲ್‌ನಲ್ಲಿ ಬಿಟ್ಟ ಸೀಸದ ಪದರದ ಮೇಲೆ ಹೊಸದು ಕೂರಲು ಅಷ್ಟು ಬೇಕು. ಆಮೇಲೆ ದಪ್ಪ ಟಾರ್ಗೆಟ್ ಕಾರ್ಡ್‌ನ ಒಂದೇ ಜಾಗಕ್ಕೆ ಹತ್ತು ಶಾಟ್. ನೋಟ್‌ಬುಕ್ ಹಾಳೆ ಹರಿದುಹೋಗುತ್ತದೆ, ಅಳೆಯಲು ಬರುವುದಿಲ್ಲ.

ಹತ್ತು ಶಾಟ್ ಸೇರಿ ಆದ ತೂತಿನ (ಇದೇ ಗುಂಪು) ಹೊರ ಅಂಚಿನಿಂದ ಹೊರ ಅಂಚಿಗೆ, ಎಲ್ಲಿ ಅಗಲ ಹೆಚ್ಚೋ ಅಲ್ಲಿ ವರ್ನಿಯರ್ ಇಟ್ಟು ಅಳೆಯಿರಿ. ಟಾರ್ಗೆಟ್‌ನ ಹತ್ತರ ಚುಕ್ಕಿಯ ಅಗಲ 0.5 ಮಿಮೀ. ಪೆಲೆಟ್ ಅದನ್ನು ತಾಗಿದರೂ ಹತ್ತು. ಪೆಲೆಟ್ 4.5 ಮಿಮೀ ಆದ್ದರಿಂದ ಅದರ ನಡುಬಿಂದು ಕೇಂದ್ರದಿಂದ 2.5 ಮಿಮೀ ಒಳಗಿದ್ದರೆ ಸಾಕು, ಅಂದರೆ 9.5 ಮಿಮೀ ಅಗಲದ ಗುಂಪು ಸರಿಯಾಗಿ ನಡುವಿಗೆ ಬಿದ್ದರೆ ಹತ್ತಕ್ಕೆ ಹತ್ತೂ ಹತ್ತೇ. ಇದನ್ನು ಕೇಳಿ ಸಮಾಧಾನಪಟ್ಟುಕೊಳ್ಳಬೇಡಿ. ನಿಂತು ಹೊಡೆಯುವವರ ಕೈಯ ಅಲುಗಾಟ ಇದಕ್ಕೆ ಸೇರುತ್ತದೆ, ಜೊತೆಗೆ ಈಗ ಅರ್ಹತಾ ಸುತ್ತಿನಲ್ಲೂ ದಶಮಾಂಶದ ಅಂಕ (10.3, 10.7 ಹೀಗೆ). ವೈಸ್‌ನಲ್ಲಿ 7 ಮಿಮೀ ಒಳಗೆ ಬಂದದ್ದನ್ನು ಸ್ಪರ್ಧೆಗೆ ಇಟ್ಟುಕೊಳ್ಳಿ, 8 ದಾಟಿದ್ದನ್ನು ಅಭ್ಯಾಸಕ್ಕೆ ಬಿಡಿ. ಒಂದೇ ಗುಂಪು ನೋಡಿ ತೀರ್ಮಾನ ಬೇಡ. ಪ್ರತಿ ಲಾಟ್‌ಗೆ ಮೂರಾದರೂ ಬೇಕು, ಅದೃಷ್ಟದಿಂದ ಬಂದ ಒಂದು ಚಿಕ್ಕ ಗುಂಪು ಎಲ್ಲರಿಗೂ ಸಿಗುತ್ತದೆ.

ವೈಸ್ ಇಲ್ಲದಿದ್ದರೆ ಮರಳು ಚೀಲದ ಮೇಲೆ ಇಟ್ಟು ಹೊಡೆಯಬಹುದು. ಆಗ ಒಂದು ಲಾಟ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗದೆ ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು ಅಂತ ಸುತ್ತು ಹಾಕಿ. ಇಲ್ಲದಿದ್ದರೆ ಕೊನೆಗೆ ಬಂದ ಲಾಟ್ ನಿಮ್ಮ ಸುಸ್ತಿನ ಪೆಟ್ಟು ತಿನ್ನುತ್ತದೆ.

ಲಾಟ್ ಒಗ್ಗಿತು ಅಂದರೆ ಡಬ್ಬಿಯ ಮೇಲಿನ ಲಾಟ್ ನಂಬರ್ ಬರೆದುಕೊಂಡು ಅದೇ ನಂಬರಿನದನ್ನೇ ಕೇಳಿ. ಬರೀ 4.49 ಅಂತ ಕೇಳಿದರೆ ಬೇರೆ ಅಚ್ಚಿನಿಂದ ಬಂದದ್ದು ಕೈಗೆ ಸಿಗಬಹುದು. ಒಂದು ಸ್ಪರ್ಧೆಗೆ 60 ಶಾಟ್, ಮೊದಲು ಗುರಿ ಸರಿಮಾಡಿಕೊಳ್ಳುವ ಸೈಟರ್ ಶಾಟ್ ಸೇರಿ 80 ಅಂತ ಇಟ್ಟುಕೊಂಡರೆ 500ರ ಡಬ್ಬಿ ಆರು ಸ್ಪರ್ಧೆಗೆ ಬರುತ್ತದೆ. ಅಭ್ಯಾಸಕ್ಕೆ ಅಗ್ಗದ ವ್ಯಾಡ್‌ಕಟರ್ ಸಾಕು, ತೂಕ ಮಾತ್ರ ಅದೇ ಇರಲಿ.

ಇನ್ನು ತೂಗುವ ಹುಚ್ಚು. ಚಿನ್ನದಂಗಡಿಯಲ್ಲಿ ಇರುವಂಥ 0.001 ಗ್ರಾಂ ತೋರಿಸುವ ತಕ್ಕಡಿ ತಂದು ಸಂಜೆಯೆಲ್ಲ ಪೆಲೆಟ್ ವಿಂಗಡಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ ಹತ್ತು ಮೀಟರ್ ಮುಟ್ಟುವಷ್ಟರಲ್ಲಿ ಸುಮಾರು 17 ಮಿಮೀ ಇಳಿದಿರುತ್ತದೆ. ತೂಕ 0.01 ಗ್ರಾಂ ಹೆಚ್ಚಾದರೆ, ಅಂದರೆ ಶೇಕಡಾ 2ರಷ್ಟು, ಆ ಇಳಿತ ಮೂರನೇ ಒಂದು ಮಿಮೀ ಹೆಚ್ಚುತ್ತದೆ. ದಶಮಾಂಶದ ಒಂದು ಮೆಟ್ಟಿಲು 0.25 ಮಿಮೀ. ಅಂದರೆ ನಷ್ಟ 0.1 ಅಂಕದ ಆಸುಪಾಸು, ಒಳ್ಳೆಯ ಮ್ಯಾಚ್ ಡಬ್ಬಿಯಲ್ಲಿ ಅಷ್ಟು ವ್ಯತ್ಯಾಸ ಇರುವುದೂ ಕಡಿಮೆ. ಅದೇ ಸ್ಕರ್ಟ್ ಒಂದು ಕಡೆ ನೆಗ್ಗಿದ್ದರೆ ಗಾಳಿ ಆ ಕಡೆಯಿಂದ ಮೊದಲು ನುಗ್ಗಿ ಪೆಲೆಟನ್ನು ಓರೆ ಮಾಡುತ್ತದೆ, ಹತ್ತು ಹೋಗಿ ಒಂಬತ್ತಾಗುತ್ತದೆ. ತಕ್ಕಡಿ ಬಿಟ್ಟು ದೀಪದ ಕೆಳಗೆ ಸ್ಕರ್ಟ್ ನೋಡಿ. ಅಂಚು ಗುಂಡಗಿರಬೇಕು, ಒಳಗೆ ಸೀಸದ ಸಿಪ್ಪೆ ಅಂಟಿರಬಾರದು. ಬಿಳಿ ಪುಡಿ ಹಿಡಿದಿದ್ದರೆ ಡಬ್ಬಿಯನ್ನೇ ಬಿಡಿ.

ನೆಗ್ಗುವುದು ಹೆಚ್ಚಾಗಿ ದಾರಿಯಲ್ಲಿ. ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲಿ ಬರುವಾಗ ಅರ್ಧ ಖಾಲಿಯಾದ ಡಬ್ಬಿ ಕಿಟ್‌ನಲ್ಲಿ ಗಿಲಗಿಲ ಅಂದರೆ ಪ್ರತಿ ಕುಲುಕಿಗೂ ಸ್ಕರ್ಟ್‌ಗಳು ಒಂದಕ್ಕೊಂದು ಬಡಿಯುತ್ತವೆ. ಖಾಲಿ ಜಾಗಕ್ಕೆ ಗುಂಡಗೆ ಕತ್ತರಿಸಿದ ಸ್ಪಂಜು ಒತ್ತಿ ಮುಚ್ಚಳ ಹಾಕಿ. ಸ್ಪರ್ಧೆಯದಾದರೆ ಒಂದೊಂದು ಪೆಲೆಟ್‌ಗೂ ಕುಳಿ ಇರುವ ಟ್ರೇ ವಾಸಿ.

ನಳಿಗೆ ಮಡಚುವ ಸ್ಪ್ರಿಂಗ್ ರೈಫಲ್ ಇರುವವರಿಗೆ ಎರಡು ಮಾತು. ಪೆಲೆಟ್ ಇಟ್ಟ ಕೂಡಲೇ ಒಳಗೆ ಜಾರಿ ಬಿದ್ದರೆ ಅದು ಸಣ್ಣದು. ಹೆಬ್ಬೆರಳಿನಿಂದ ಒತ್ತಿದ ಮೇಲೂ ಅಂಚು ಹೊರಗೆ ನಿಂತರೆ ಮುಚ್ಚುವಾಗ ಸ್ಕರ್ಟ್ ಕತ್ತರಿಸುತ್ತದೆ, ಇನ್ನೊಂದು ಅಳತೆ ನೋಡಿ. ಜಾರಲಿ ಅಂತ ಪೆಲೆಟ್‌ಗೆ ಕೊಬ್ಬರಿ ಎಣ್ಣೆ ಸವರುವುದಂತೂ ಬೇಡ: ಪಿಸ್ಟನ್ ನುಗ್ಗಿದಾಗ ಗಾಳಿ ಕಾದು ಎಣ್ಣೆ ಹೊತ್ತಿಕೊಳ್ಳುತ್ತದೆ, ವೇಗ ಏರುಪೇರಾಗುತ್ತದೆ, ಸೀಲ್ ಸುಟ್ಟುಹೋಗುತ್ತದೆ.

ಬ್ಯಾರೆಲ್ 4.5 ಮಿಮೀ, ಹೊರಡುವ ಪೆಲೆಟ್‌ನ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಶಸ್ತ್ರ ಪರವಾನಗಿ ಬೇಡ. ಹಾಗಂತ ಕೊಕ್ಕರೆಬೆಳ್ಳೂರಿನ ಮರಗಳತ್ತ ಗುರಿ ಇಟ್ಟರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಪೆಲೆಟನ್ನು ತುಟಿಯಲ್ಲಿ ಹಿಡಿದುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ, ಸೀಸ ವಿಷ. ರೇಂಜ್‌ನಿಂದ ಎದ್ದ ಮೇಲೆ ಸೋಪು ಹಾಕಿ ಕೈ ತೊಳೆದೇ ಕಾಫಿ ಲೋಟ ಮುಟ್ಟಿ, ಹೊಡೆದ ಪೆಲೆಟ್‌ಗಳನ್ನು ಮಕ್ಕಳ ಕೈಗೆ ಸಿಗದ ಹಾಗೆ ಮುಚ್ಚಳದ ಡಬ್ಬಕ್ಕೆ ತುಂಬಿಡಿ.