ಸೈಕಲ್ಲಿಗೆ ನಾನೇ ಮಾಡಿಕೊಂಡ ಪ್ರಖರ ಎಲ್‌ಇಡಿ ದೀಪ

ಮನೆಯಲ್ಲೇ ಸೈಕಲ್ ದೀಪ ಮಾಡಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ, ಯಾವ ಎಲ್‌ಇಡಿ, ಎಷ್ಟು ವ್ಯಾಟ್ ಅಂತ. ನನಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ ಅನಿಸುತ್ತದೆ. ಒಳ್ಳೆಯ ಎಲ್‌ಇಡಿ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಅದರ ಬಿಸಿ ಎಲ್ಲಿಗೆ ಹೋಗುತ್ತದೆ, ಬೆಳಕು ಎಲ್ಲಿ ಬೀಳುತ್ತದೆ, ಈ ಎರಡು ವಿಷಯ ಸರಿಯಾದರೆ ದೀಪ ಒಳ್ಳೆಯದು. ಇಲ್ಲದಿದ್ದರೆ ಅದು ಸುಮ್ನೆ ಕಣ್ಣು ಕುಕ್ಕುವ ವಸ್ತು ಅಷ್ಟೆ.

ನಾನು ಮಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವನು. ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ರೈಲಿಳಿದು ನೀರ್ಚಾಲು ಕಡೆಗೆ ಸೈಕಲ್ಲಿನಲ್ಲಿ ಹೊರಡುವಾಗ ಕತ್ತಲಾಗಿರುತ್ತದೆ. ಬದಿಯಡ್ಕಕ್ಕೆ ಹೋಗುವ ದೊಡ್ಡ ರಸ್ತೆ ಇರುವಷ್ಟು ಹೊತ್ತು ತೊಂದರೆ ಇಲ್ಲ. ಒಳದಾರಿಗೆ ತಿರುಗಿದ ಮೇಲೆ ಎರಡೂ ಕಡೆ ಅಡಿಕೆ ತೋಟ, ಇಳಿಜಾರು, ತಿರುವು, ಮಳೆಗಾಲದಲ್ಲಿ ಗುಡ್ಡೆಯಿಂದ ಹರಿದು ಬಂದ ಕೆಂಪು ಮಣ್ಣು. ಕಾಡುಹಂದಿ ಅಡ್ಡ ಓಡುವುದು ನಮ್ಮ ಕಡೆ ಹೊಸ ಸುದ್ದಿಯಲ್ಲ. ಆ ಇಳಿಜಾರಿನಲ್ಲಿ ಪೆಡಲ್ ತುಳಿಯದೆ ಬಿಟ್ಟರೂ ಗಂಟೆಗೆ 25 ಕಿ.ಮೀ. ಆಗುತ್ತದೆ, ಅಂದರೆ ಸೆಕೆಂಡಿಗೆ 7 ಮೀಟರ್. ಏನೋ ಇದೆ ಅಂತ ಕಂಡು ಬೆರಳು ಬ್ರೇಕಿಗೆ ಹೋಗುವಷ್ಟರಲ್ಲಿ 10 ಮೀಟರ್ ಮುಗಿದಿರುತ್ತದೆ, ಒದ್ದೆ ರಸ್ತೆಯಲ್ಲಿ ನಿಲ್ಲಲು ಹೆಚ್ಚುಕಡಿಮೆ ಇನ್ನೂ ಅಷ್ಟೇ ಬೇಕು. 20 ಮೀಟರ್ ಆಚೆ ಇರುವುದು ಚೆನ್ನಾಗಿ ಕಾಣದಿದ್ದರೆ ಆ ವೇಗದಲ್ಲಿ ಹೋಗಲೇಬಾರದು. ಹಳೆಯ ಡೈನಮೊ 6 ವೋಲ್ಟ್, 3 ವ್ಯಾಟ್. ಅದರ ತಂತಿ ಬಲ್ಬಿನಲ್ಲಿ ಅಷ್ಟು ದೂರ ಕಾಣುವುದಿಲ್ಲ, ನಿಧಾನ ಹೋದರೆ ಅದೂ ಮಂಕಾಗುತ್ತದೆ.

ಎಲ್‌ಇಡಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕ್ರೀ ಕಂಪನಿಯ ಎಕ್ಸ್‌ಎಂ-ಎಲ್2, ಎರಡು. ಒಂದೊಂದೂ 5 ಮಿ.ಮೀ. ಚೌಕದ ಸಣ್ಣ ತುಂಡು. 3 ಆಂಪಿಯರ್ ತನಕ ಕೊಡಬಹುದು ಅಂತ ಕಂಪನಿ ಹೇಳುತ್ತದೆ, ನಾನು 2 ಆಂಪಿಯರಿಗೆ ನಿಲ್ಲಿಸಿದ್ದೇನೆ. ಅದಕ್ಕೆ ಕಾರಣ ಇದೆ. 2ರಿಂದ 3ಕ್ಕೆ ಏರಿಸಿದರೆ ಕರೆಂಟ್ ಒಂದೂವರೆ ಪಟ್ಟು ಆಗುತ್ತದೆ, ಬೆಳಕು ಸುಮಾರು ಮೂರನೇ ಒಂದು ಭಾಗ ಮಾತ್ರ ಹೆಚ್ಚುತ್ತದೆ, ಉಳಿದದ್ದು ಬಿಸಿ. ಅಷ್ಟು ಹೆಚ್ಚಿದ ಬೆಳಕನ್ನು ನಮ್ಮ ಕಣ್ಣು ಸರಿಯಾಗಿ ಗುರುತಿಸುವುದೂ ಇಲ್ಲ. 2 ಆಂಪಿಯರಿನಲ್ಲಿ ಒಂದರಿಂದ 700 ಲ್ಯುಮೆನ್ (ಬೆಳಕಿನ ಅಳತೆ) ಆಸುಪಾಸು ಬರುತ್ತದೆ. ಮನೆಯಲ್ಲಿ ಉರಿಯುತ್ತಿದ್ದ ಹಳೆಯ 60 ವ್ಯಾಟ್ ಬಲ್ಬಿನದ್ದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಬಲ್ಬಿನ ಬೆಳಕು ಕೋಣೆಯ ತುಂಬ ಹರಡುತ್ತಿತ್ತು, ಇಲ್ಲಿ ಅಂಥ ಎರಡು ಬಲ್ಬಿನ ಬೆಳಕೆಲ್ಲ ಒಂದು ರಸ್ತೆಯ ಮೇಲೆ. ಸೈಕಲ್ಲಿಗೆ ಇದು ಧಾರಾಳ.

ಬಣ್ಣ ಆರಿಸುವಾಗ ಮಾತ್ರ ಅವಸರ ಬೇಡ. ಬಿಳಿ ಎಲ್‌ಇಡಿ ಅಂದರೆ ಒಳಗೆ ನೀಲಿ ಎಲ್‌ಇಡಿ, ಮೇಲೆ ಹಳದಿ ಲೇಪ. ಆ ನೀಲಿ ಎಲ್‌ಇಡಿಗಾಗಿಯೇ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದದ್ದು. ಬಿಳಿಯ ಛಾಯೆಯನ್ನು ಹೇಳುವುದು ಕೆಲ್ವಿನ್ ಲೆಕ್ಕದಲ್ಲಿ, 6500 ಕೆಲ್ವಿನ್‌ನದ್ದರಲ್ಲಿ ನೀಲಿ ಜಾಸ್ತಿ. ಲೆಕ್ಕಕ್ಕೆ ಲ್ಯುಮೆನ್ ಹೆಚ್ಚು ಸಿಗುತ್ತದೆ, ಆದರೆ ನಮ್ಮ ಮುರಕಲ್ಲಿನ ಕೆಂಪು ಮಣ್ಣು ಆ ಬೆಳಕಿನಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಟಾರು ಯಾವುದು, ಟಾರಿನ ಮೇಲೆ ಹರಡಿದ ಕೆಸರು ಯಾವುದು ಅಂತ ತಿಳಿಯುವುದಿಲ್ಲ. 4000 ಕೆಲ್ವಿನ್‌ನದ್ದರಲ್ಲಿ ಕೆಂಪು ಕೆಂಪಾಗಿಯೇ ಕಾಣುತ್ತದೆ. ಸ್ವಲ್ಪ ಲ್ಯುಮೆನ್ ಹೋದರೆ ಹೋಗಲಿ, ನಮ್ಮ ಊರಿಗೆ ಇದೇ ಸರಿ.

ಈಗ ಬಿಸಿಯ ವಿಷಯ. ಈ ಎರಡು ಎಲ್‌ಇಡಿಗೆ ಒಟ್ಟು 12 ವ್ಯಾಟ್ ಹೋಗುತ್ತದೆ. ಅದರಲ್ಲಿ ಬೆಳಕಾಗುವುದು ಸುಮಾರು ಮೂರನೇ ಒಂದು ಭಾಗ. ಉಳಿದ 8 ವ್ಯಾಟ್ ಬಿಸಿ, ಅದೂ ಉಗುರಿಗಿಂತ ಸಣ್ಣ ಜಾಗದಲ್ಲಿ. ಬಲ್ಬು ತನ್ನ ಬಿಸಿಯನ್ನು ಬೆಳಕಿನ ಜೊತೆಗೇ ಮುಂದಕ್ಕೆ ಚೆಲ್ಲುತ್ತದೆ, ಎಲ್‌ಇಡಿ ಹಾಗಲ್ಲ, ಅದರ ಬಿಸಿ ಬೆನ್ನಿನಿಂದಲೇ ಹೊರಗೆ ಹೋಗಬೇಕು. ದಾರಿ ಸರಿಯಿಲ್ಲದಿದ್ದರೆ ಎರಡೇ ನಿಮಿಷದಲ್ಲಿ ಬೆಳಕು ಇಳಿಯಲು ಶುರು, ಹಾಗೇ ಓಡಿಸಿದರೆ ಆಯಸ್ಸೂ ಇಳಿಯುತ್ತದೆ. ಎಲ್‌ಇಡಿಯಿಂದ ಗಾಳಿಯ ತನಕ ಬಿಸಿ ದಾಟುವ ಒಂದೊಂದು ಜೋಡಣೆಯನ್ನೂ ಗಮನವಿಟ್ಟು ಮಾಡಬೇಕು. ನನ್ನ ಹೆಚ್ಚಿನ ಹೊತ್ತು ಹೋದದ್ದು ಇದಕ್ಕೇ, ಹೋಗಬೇಕಾದ್ದೂ ಇದಕ್ಕೇ.

ಮೊದಲ ಜೋಡಣೆ ಎಲ್‌ಇಡಿ ಕೂತಿರುವ ನಕ್ಷತ್ರದಾಕಾರದ ಬೋರ್ಡು. ಅಗ್ಗದ ಅಲ್ಯೂಮಿನಿಯಂ ಬೋರ್ಡಿನಲ್ಲಿ ಲೋಹಕ್ಕೂ ಎಲ್‌ಇಡಿಗೂ ನಡುವೆ ಕರೆಂಟ್ ತಡೆಯುವ ಒಂದು ಪದರ ಇರುತ್ತದೆ, ಅದು ಬಿಸಿಯನ್ನೂ ತಡೆಯುತ್ತದೆ. ಎಕ್ಸ್‌ಎಂ-ಎಲ್2ರ ನಡುವಿನ ಪ್ಯಾಡಿನಲ್ಲಿ ಕರೆಂಟ್ ಇಲ್ಲ. ಆದ್ದರಿಂದ ಆ ಪ್ಯಾಡನ್ನು ನೇರ ತಾಮ್ರಕ್ಕೇ ಬೆಸೆದ ಬೋರ್ಡುಗಳು ಬರುತ್ತವೆ. ಬೆಲೆ ಸ್ವಲ್ಪ ಜಾಸ್ತಿ. ದಯವಿಟ್ಟು ಅದನ್ನೇ ತೆಗೆದುಕೊಳ್ಳಿ. ಈ ಕೆಲಸದಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಲಾಭ ಬೇರೆಲ್ಲೂ ಇಲ್ಲ.

ಎರಡನೆಯದು ದೀಪದ ಮೈ. ಕಿಟಕಿ, ಬಾಗಿಲು ಮಾಡುವ ಅಲ್ಯೂಮಿನಿಯಂ ಅಂಗಡಿಯಲ್ಲಿ 3 ಮಿ.ಮೀ. ದಪ್ಪದ ಚೌಕ ಪೈಪಿನ ತುಂಡು ಕೇಳಿ ತಂದೆ. ಅವರಿಗೆ ಅದು ಉಳಿಕೆ ತುಂಡು. ಬೋರ್ಡು ಕೂರುವ ಮುಖವನ್ನು ಗಾಜಿನ ಮೇಲೆ ಉಜ್ಜುಕಾಗದ ಹಾಸಿ, ನೀರು ಹಾಕಿ, ಸಪಾಟಾಗುವ ತನಕ ಉಜ್ಜಿದೆ. ಅಂಗಡಿಯವರು ನೋಡಿ, “ಎಂತ ಮಾರಾಯ್ರೆ, ಸೈಕಲ್ಲಿನ ದೀಪಕ್ಕೆ ಇಷ್ಟು ನುಣುಪು ಎಂತಕ್ಕೆ?” ಅಂದರು. ಎರಡು ಲೋಹ ಮುಟ್ಟಿದ ಹಾಗೆ ಕಂಡರೂ ನಡುವೆ ಗಾಳಿ ಇರುತ್ತದೆ, ಗಾಳಿಯಲ್ಲಿ ಬಿಸಿ ಹರಿಯುವುದಿಲ್ಲ ಅಂದೆ. ಕಂಪ್ಯೂಟರಿಗೆ ಹಾಕುವ ಥರ್ಮಲ್ ಪೇಸ್ಟ್ ಆ ಗಾಳಿಯ ಜಾಗ ತುಂಬಲು ಮಾತ್ರ. ದಪ್ಪ ಬಳಿದರೆ ಅದೇ ತಡೆಗೋಡೆ. ಕಾಗದಕ್ಕಿಂತ ತೆಳ್ಳಗೆ ಸವರಿ, ಸ್ಕ್ರೂ ಹಾಕಿ ಬಿಗಿ ಮಾಡಬೇಕು. ಬರೀ ಅಂಟು ಸಾಲದು. ಹಿಂಭಾಗಕ್ಕೆ ಹಳೆಯ ಆಂಪ್ಲಿಫೈಯರಿನ ಹೀಟ್ ಸಿಂಕ್ (ಬಿಸಿಯನ್ನು ಗಾಳಿಗೆ ಬಿಡುವ ರೆಕ್ಕೆಗಳ ಲೋಹದ ತುಂಡು) ಕೂರಿಸಿದೆ, ರೆಕ್ಕೆಗಳು ಗಾಳಿ ಹಾದು ಹೋಗುವ ದಿಕ್ಕಿಗೆ.

ಪರೀಕ್ಷೆ ಸುಲಭ. ದೀಪ ಪೂರ್ತಿ ಉರಿಸಿ ಫ್ಯಾನಿನ ಮುಂದೆ ಹತ್ತು ನಿಮಿಷ ಇಡಿ. ಆಮೇಲೆ ಎಲ್‌ಇಡಿ ಹತ್ತಿರದ ಲೋಹ ಮುಟ್ಟಿ. ಕೈ ಹಾಗೇ ಇಟ್ಟುಕೊಳ್ಳಲು ಆದರೆ 50 ಡಿಗ್ರಿ ಆಸುಪಾಸು, ಚಿಂತೆ ಇಲ್ಲ. ಮುಟ್ಟಿದ ಕೂಡಲೇ ಕೈ ತೆಗೆಯಬೇಕಾದರೆ 60 ದಾಟಿದೆ, ಹೀಟ್ ಸಿಂಕ್ ದೊಡ್ಡದು ಬೇಕು. ಮೈ ತಣ್ಣಗೇ ಇದ್ದರೆ ಖುಷಿ ಪಡಬೇಡಿ. ಬಿಸಿ ಹೊರಗೆ ಬರುತ್ತಿಲ್ಲ, ಎಲ್‌ಇಡಿಯಲ್ಲೇ ನಿಂತಿದೆ ಅಂತ ಅರ್ಥ. ಸೈಕಲ್ ನಿಂತಾಗ ಗಾಳಿಯೂ ನಿಲ್ಲುತ್ತದೆ, ಹಾಗಾಗಿ ನಿಂತಲ್ಲಿ ನಾನು ಯಾವಾಗಲೂ ಡಿಮ್ ಮಾಡುತ್ತೇನೆ.

ಬ್ಯಾಟರಿಯಿಂದ ಎಲ್‌ಇಡಿಗೆ ನೇರ ತಂತಿ ಕೊಡಲೇಬೇಡಿ. ಬಿಸಿಯಾದ ಹಾಗೆ ಎಲ್‌ಇಡಿಗೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಅದರಿಂದ ಮತ್ತೆ ಬಿಸಿ, ಹೀಗೆ ಏರಿ ಏರಿ ಸುಟ್ಟು ಹೋಗುತ್ತದೆ. ಕರೆಂಟನ್ನು ಹಿಡಿದಿಡುವ ಡ್ರೈವರ್ ಬೇಕು. ನಾನು ಹಾಕಿದ್ದು ಎಕ್ಸ್‌ಎಲ್ 4015 ಚಿಪ್ಪಿನ, ವೋಲ್ಟೇಜ್ ಇಳಿಸುವ ಬಕ್ ಮಾಡ್ಯೂಲ್, ವೋಲ್ಟೇಜಿಗೂ ಕರೆಂಟಿಗೂ ಬೇರೆ ಬೇರೆ ಪಾಟ್ (ತಿರುಗಿಸಿ ಹೆಚ್ಚುಕಡಿಮೆ ಮಾಡುವ ರೆಸಿಸ್ಟರ್) ಇರುವಂಥದ್ದು. ಎಲ್‌ಇಡಿ ಜೋಡಿಸುವ ಮೊದಲೇ ವೋಲ್ಟೇಜನ್ನು 7ಕ್ಕೆ ಇಳಿಸಿ, ಕರೆಂಟ್ ಪಾಟನ್ನು ಪೂರ್ತಿ ಕೆಳಗೆ ತಂದು, ಆಮೇಲೆ ಸಾಲಾಗಿ (ಸೀರೀಸ್) ಜೋಡಿಸಿದ ಎರಡು ಎಲ್‌ಇಡಿ ಮತ್ತು ಮೀಟರ್ ಸೇರಿಸಿ ಮೆಲ್ಲ ಮೆಲ್ಲ 2 ಆಂಪಿಯರಿಗೆ ಏರಿಸಬೇಕು. ಡಿಮ್ಮಿಗೆ ಅರ್ಧ ಆಂಪಿಯರಿಗೆ ಹೊಂದಿಸಿದ ಇನ್ನೊಂದು ಪಾಟ್ ಹಾಕಿ, ಎರಡರ ನಡುಕಾಲನ್ನು ಸ್ವಿಚ್ಚಿನಿಂದ ಬದಲಿಸುತ್ತೇನೆ. ಸ್ವಿಚ್ ಆ ಕಡೆಯಿಂದ ಈ ಕಡೆಗೆ ಹೋಗುವ ಗಳಿಗೆಯಲ್ಲಿ ಯಾವ ಪಾಟೂ ಸೇರಿರುವುದಿಲ್ಲ, ಆಗ ಕರೆಂಟ್ ಹಾರಬಾರದು ಅಂತ ಆ ತಂತಿಯಿಂದ ಒಳಬರುವ ನೆಗೆಟಿವಿಗೆ 100 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದೇನೆ.

ಇಂಥ ಮಾಡ್ಯೂಲಿನಲ್ಲಿ ಇನ್ನೊಂದು ಗುಟ್ಟಿದೆ. ಕರೆಂಟ್ ಅಳೆಯುವ ರೆಸಿಸ್ಟರ್ ಇರುವುದು ನೆಗೆಟಿವ್ ಕಡೆ. ಹಾಗಾಗಿ ಒಳಬರುವ ನೆಗೆಟಿವ್ ಬೇರೆ, ಹೊರಹೋಗುವ ನೆಗೆಟಿವ್ ಬೇರೆ. ಸೈಕಲ್ಲಿನ ಚೌಕಟ್ಟನ್ನೇ ನೆಗೆಟಿವ್ ಮಾಡಿ ಎರಡನ್ನೂ ಅದಕ್ಕೆ ಸೇರಿಸಿದರೆ ಕರೆಂಟ್ ಮಿತಿಯೇ ಇಲ್ಲದ ಹಾಗೆ ಆಗುತ್ತದೆ. ಡೈನಮೊ ಕಾಲದಲ್ಲಿ ಒಂದೇ ತಂತಿ ಎಳೆದು ರೂಢಿಯಾದವರು ಇದನ್ನು ಮುಖ್ಯವಾಗಿ ನೆನಪಿಡಬೇಕು. ದೀಪಕ್ಕೆ ಎರಡು ತಂತಿ, ಚೌಕಟ್ಟಿಗೆ ಯಾವುದೂ ಇಲ್ಲ. ಡ್ರೈವರನ್ನು ದೀಪದೊಳಗೆ ಇಡಲಿಲ್ಲ, ಬೇರೆ ಸಣ್ಣ ಡಬ್ಬಿಯಲ್ಲಿಟ್ಟೆ. ಅದಕ್ಕೂ ಅದರದ್ದೇ ಬಿಸಿ ಇದೆ, ಒಳಗಿನ ಕೆಪಾಸಿಟರುಗಳಿಗೆ ಬಿಸಿ ಒಗ್ಗುವುದಿಲ್ಲ.

ಬ್ಯಾಟರಿ 18650 ಅಳತೆಯ ಲಿಥಿಯಂ ಸೆಲ್, ಆರು. ಮೂರು ಮೂರು ಸೆಲ್ ಒಂದರ ಹಿಂದೆ ಒಂದು (ಸೀರೀಸ್) ಸೇರಿಸಿದ ಸಾಲು, ಅಂಥ ಎರಡು ಸಾಲು ಪಕ್ಕಪಕ್ಕ (ಪ್ಯಾರಲಲ್) ಜೋಡಿ. ತುಂಬಿದಾಗ 12.6 ವೋಲ್ಟ್. ಎರಡು ಎಲ್‌ಇಡಿ ಸಾಲಿನಲ್ಲಿದ್ದರೆ 6 ವೋಲ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು, ಹಾಗಾಗಿ ಬ್ಯಾಟರಿ 9 ವೋಲ್ಟಿಗೆ ಇಳಿದರೂ ಬೆಳಕು ಒಂದೇ ಸಮ. ಎರಡೇ ಸೆಲ್ಲಿನ ಸಾಲು ಮಾಡಿದ್ದರೆ ಕೊನೆಕೊನೆಗೆ ವೋಲ್ಟೇಜ್ ಸಾಲದೆ ದೀಪ ಮಂಕಾಗುತ್ತಿತ್ತು. 2.5 ಆಂಪಿಯರ್ ಅವರ್‌ನ ಸೆಲ್‌ಗಳಾದರೆ ಪೂರ್ತಿ ಬೆಳಕಿನಲ್ಲಿ ಮೂರೂವರೆ ಗಂಟೆ ಬರುತ್ತದೆ. ಸೆಲ್‌ಗಳನ್ನು ಸೋಲ್ಡರ್ ಮಾಡಬಾರದು, ಆ ಬಿಸಿಗೆ ಸೆಲ್ಲಿನ ಒಳಗೆ ಹಾನಿಯಾಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ರಿಪೇರಿ ಮಾಡುವಲ್ಲಿ ನಿಕ್ಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡ್ ಮಾಡಿಸಿದೆ. ಮೂರು ಸೆಲ್ಲಿನ ಸಾಲಿಗೆ ಆಗುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಮತ್ತು ಒಂದು ಫ್ಯೂಸ್ ಇಲ್ಲದೆ ಈ ಬ್ಯಾಟರಿ ಸೈಕಲ್ ಏರಬಾರದು. ಚಾರ್ಜರ್ 12.6 ವೋಲ್ಟಿನ ಲಿಥಿಯಂ ಚಾರ್ಜರೇ ಆಗಬೇಕು, ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಅಲ್ಲ. ಎಲ್ಲವನ್ನೂ ನೀರಿನ ಪಿವಿಸಿ ಪೈಪಿನೊಳಗೆ ಕೂರಿಸಿ, ಹೊರಗೆ ಹಳೆಯ ಟ್ಯೂಬ್ ಸುತ್ತಿ, ಬಾಟಲಿ ಇಡುವ ಸ್ಟ್ಯಾಂಡಿನಲ್ಲಿ ಇಟ್ಟಿದ್ದೇನೆ.

ಬೆಳಕು ಎಲ್ಲಿ ಬೀಳಬೇಕು ಅನ್ನುವುದಕ್ಕೆ ಬಿಸಿಯಷ್ಟೇ ಮಹತ್ವ ಕೊಡುತ್ತೇನೆ. ಒಂದು ಎಲ್‌ಇಡಿಗೆ ಬೆಳಕನ್ನು 10 ಡಿಗ್ರಿಯೊಳಗೆ ಕೂಡಿಸುವ ಲೆನ್ಸ್, ದೂರಕ್ಕೆ. ಇನ್ನೊಂದಕ್ಕೆ ಬೆಳಕನ್ನು ಅಡ್ಡಕ್ಕೆ ಹರಡುವ ಉದ್ದುರುಟು ಲೆನ್ಸ್, ಹತ್ತಿರದ ರಸ್ತೆ ಮತ್ತು ಅಂಚಿಗೆ. ದೀಪವನ್ನು ಹ್ಯಾಂಡಲಿನ ಮೇಲೆ ಅಲ್ಲ, ಅದರ ಕೆಳಗೆ, ನೆಲದಿಂದ 80 ಸೆಂ.ಮೀ. ಎತ್ತರದಲ್ಲಿ ಕಟ್ಟಿದ್ದೇನೆ. ಬೆಳಕು ಕೆಳಗಿನಿಂದ ಹೋದಷ್ಟೂ ಹೊಂಡದ ನೆರಳು ಉದ್ದ ಬೀಳುತ್ತದೆ, ಹೊಂಡ ಎದ್ದು ಕಾಣುತ್ತದೆ. ತಲೆಗೆ ಕಟ್ಟುವ ದೀಪದಲ್ಲಿ ಕಣ್ಣಿನ ಸಾಲಿನಿಂದಲೇ ಬೆಳಕು ಹೋಗುವ ಕಾರಣ ನೆರಳೇ ಕಾಣದೆ ರಸ್ತೆಯೆಲ್ಲ ಸಪಾಟಾಗಿ ತೋರುತ್ತದೆ. ಜಡಿಮಳೆಯಲ್ಲೂ ಇದೇ ಲಾಭ, ಹನಿಗಳಿಗೆ ಬಡಿದ ಬೆಳಕು ಕಣ್ಣಿಗೆ ವಾಪಸು ಬರುವುದು ಕಡಿಮೆ. ಕಾರಿನ ಫಾಗ್ ಲೈಟ್ ಕೆಳಗೆ ಇರುವುದೂ ಇದಕ್ಕೇ ಅಲ್ವಾ.

ಎದುರಿನಿಂದ ಬರುವವರ ಕಣ್ಣಿಗೆ ಇದು ಹೊಡೆಯಬಾರದು. ಜರ್ಮನಿಯಲ್ಲಿ ಸೈಕಲ್ ದೀಪದ ಬೆಳಕು ಮೇಲ್ಗಡೆ ಅಡ್ಡಗೆರೆ ಎಳೆದ ಹಾಗೆ ನಿಲ್ಲಬೇಕು ಅಂತ ಕಾನೂನೇ ಇದೆ. ದುಂಡು ಲೆನ್ಸಿನಲ್ಲಿ ಅಷ್ಟು ಚೊಕ್ಕ ಗೆರೆ ಬರುವುದಿಲ್ಲ, ಆದರೆ ಹತ್ತಿರ ಹೋಗಬಹುದು. ಸೈಕಲನ್ನು ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ, ಗೋಡೆಯಲ್ಲಿ ದೀಪದಷ್ಟೇ ಎತ್ತರಕ್ಕೆ ಗೆರೆ ಹಾಕಿ. ಪ್ರಖರ ಬೆಳಕಿನ ಮೇಲಂಚು ಆ ಗೆರೆಗಿಂತ 8 ಸೆಂ.ಮೀ. ಕೆಳಗಿರುವ ಹಾಗೆ ಬಗ್ಗಿಸಿ. 5 ಮೀಟರಿಗೆ 8 ಸೆಂ.ಮೀ. ಇಳಿದರೆ 80 ಸೆಂ.ಮೀ. ಇಳಿದು ನೆಲ ಮುಟ್ಟುವುದು 50 ಮೀಟರಿನಲ್ಲಿ. ಬೆಳಕಿನ ನಡುಭಾಗ 8 ಮೀಟರ್ ಹತ್ತಿರ ಬೀಳುತ್ತದೆ. ಲೆನ್ಸ್‌ಗಳ ಮೇಲೆ ಟೋಪಿಯ ಅಂಚಿನಂತೆ ಒಂದು ತಗಡೂ ಹಾಕಿದ್ದೇನೆ. ಆಮೇಲೆ ಪಕ್ಕದ ಮನೆಯ ಭಾವನ ಕೈಗೆ ಸೈಕಲ್ ಕೊಟ್ಟು ನಾನು ಎದುರಿನಿಂದ ನಡೆದು ಬಂದು ನೋಡಿದೆ, ಮತ್ತೆ ಕೂತು ನೋಡಿದೆ, ಮಕ್ಕಳ ಕಣ್ಣು ಇರುವುದು ಅಷ್ಟೇ ಎತ್ತರದಲ್ಲಿ. ಭಾವ, “ಇನ್ನೂ ಸ್ವಲ್ಪ ತಗ್ಗಿಸುವ, ಏರು ಹತ್ತುವಾಗ ಮೇಲಕ್ಕೆ ಹೊಡೆಯುತ್ತದೆ” ಅಂದ. ಅದು ಸರಿಯಾದ ಮಾತು. ದಿಣ್ಣೆಯ ಊರಿನಲ್ಲಿ ಯಾವ ಲೆಕ್ಕವೂ ಪೂರ್ತಿ ನಿಲ್ಲುವುದಿಲ್ಲ, ಆದ್ದರಿಂದ ಡಿಮ್ ಸ್ವಿಚ್ ಹೆಬ್ಬೆರಳಿಗೆ ಸಿಗುವ ಜಾಗದಲ್ಲೇ ಇರಬೇಕು. ನಡೆದು ಬರುವವರು ಕಂಡ ಕೂಡಲೇ ಇಳಿಸುತ್ತೇನೆ.

ನಮ್ಮ ಮಳೆಗೆ ತಡೆಯಬೇಕಾದರೆ ಇನ್ನೆರಡು ವಿಷಯ. ಮುಂದಿನ ಅಕ್ರಿಲಿಕ್ ಹಾಳೆಗೆ ಹಚ್ಚುವ ಸಿಲಿಕೋನ್ ಹುಳಿ ವಾಸನೆ ಬರುವಂಥದ್ದು ಆಗಬಾರದು. ಅದರಿಂದ ಹೊರಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಅಂತ ಬರೆದದ್ದನ್ನೇ ಕೇಳಿ, ಹಚ್ಚಿದ ಮೇಲೆ ಪೂರ್ತಿ ಒಣಗಲು ಬಿಡಿ. ಇನ್ನೊಂದು, ದೀಪವನ್ನು ಗಾಳಿಯೂ ಆಡದಂತೆ ಮುಚ್ಚಬೇಡಿ. ಬಿಸಿಯಾದ ಮೈ ಮೇಲೆ ತಣ್ಣನೆ ಮಳೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸಿಕ್ಕ ಸಣ್ಣ ಸಂದಿನಿಂದ ನೀರು ಎಳೆದುಕೊಳ್ಳುತ್ತದೆ. ತಳದಲ್ಲಿ, ನೆಲಕ್ಕೆ ಮುಖ ಮಾಡಿ, 2 ಮಿ.ಮೀ. ತೂತು ಬಿಟ್ಟರೆ ಗಾಳಿ ಆ ದಾರಿಯಲ್ಲಿ ಆಡುತ್ತದೆ, ಒಳಗೆ ಹಬೆ ಕಟ್ಟಿದರೂ ಅಲ್ಲಿಂದಲೇ ಒಣಗುತ್ತದೆ. ತಂತಿಗಳು ಡಬ್ಬಿಗೆ ಕೆಳಗಿನಿಂದ ಬರಲಿ, ಬರುವ ಮೊದಲು ಸ್ವಲ್ಪ ಜೋತು ಬೀಳಲಿ, ಆಗ ತಂತಿಯಲ್ಲಿ ಹರಿದ ನೀರು ಒಳಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ.

ಖರ್ಚಿನಲ್ಲಿ ಹೆಚ್ಚಿನ ಪಾಲು ಸೆಲ್‌ಗಳದ್ದು. ಅಲ್ಲಿ ಉಳಿಸಲು ಹೋಗಬೇಡಿ. 18650 ಅಳತೆಯಲ್ಲಿ 5000, 9000 ಮಿಲಿಆಂಪಿಯರ್ ಅವರ್ ಅಂತ ಬರೆದು ಮಾರುವುದೆಲ್ಲ ಸುಳ್ಳು, ಆ ಅಳತೆಯ ಸೆಲ್ಲಿನಲ್ಲಿ ಅಷ್ಟು ಹಿಡಿಯುವುದಿಲ್ಲ. 2500 ಅಥವಾ 3000 ಅಂತ ಬರೆದ ಒಳ್ಳೆ ಸೆಲ್ ಸಾಕು. ಎಲ್ಲವೂ ಒಂದೇ ಮಾದರಿ, ಒಟ್ಟಿಗೇ ಕೊಂಡದ್ದು ಇರಲಿ, ಜೋಡಿಸುವ ಮೊದಲು ಒಂದೊಂದರ ವೋಲ್ಟೇಜನ್ನೂ ಮೀಟರಿನಲ್ಲಿ ನೋಡಿ ಸಮ ಮಾಡಿಕೊಳ್ಳಿ.