ಅಂಗಡಿಗೆ ಹೋಗುವ ಮೊದಲು ಅಡುಗೆಮನೆ ನೋಡಿ

ಪರಿಸರ ಉಳಿಸಬೇಕು ಅನ್ನುವ ಮನಸ್ಸು ಬಂದ ಕೂಡಲೇ ಈಗಿನವರು ಮೊದಲು ಮಾಡುವ ಕೆಲಸ ಶಾಪಿಂಗ್. ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ, ತೆಂಗಿನ ಚಿಪ್ಪಿನ ಬಟ್ಟಲು, ಇದನ್ನೆಲ್ಲ ತುಂಬಿಕೊಂಡು ಬರಲು ಇನ್ನೊಂದು ಹೊಸ ಹತ್ತಿ ಚೀಲ. ಬಾಗಿಲ ಹಿಂದಿನ ಮೊಳೆಗೆ ಆಗಲೇ ಒಂದು ರಾಶಿ ಚೀಲ ನೇತಾಡುತ್ತಿರುತ್ತದೆ, ಅಲ್ವಾ? ಗಟ್ಟಿಯಾಗಿರುವ ಪ್ಲಾಸ್ಟಿಕ್ ಡಬ್ಬ ಎಸೆದು ಗಾಜಿನ ಡಬ್ಬ ತಂದರೆ ಭೂಮಿಗೆ ಏನೂ ಲಾಭವಿಲ್ಲ. ಆ ಡಬ್ಬದಲ್ಲಿ ಬಿಸಿ ಪದಾರ್ಥ ಹಾಕಬೇಡಿ, ಅಷ್ಟೇ. ಒಡೆಯುವ ತನಕ ಬೇಳೆ ತುಂಬಿಡಿ.

ನನ್ನನ್ನು ಕೇಳಿದರೆ ಶುರು ಮಾಡಬೇಕಾದದ್ದು ಹಸಿ ಕಸದಿಂದ. ಮನೆಯ ಕಸದಲ್ಲಿ ಅರ್ಧಕ್ಕಿಂತ ಜಾಸ್ತಿ ತರಕಾರಿ ಸಿಪ್ಪೆ, ಕಾಫಿ ಚರಟ, ಬಾಡಿದ ಹೂವು, ಸೊಪ್ಪಿನ ದಂಟು. ಮಣ್ಣಿಗೆ ಸೇರಿದರೆ ಅದು ಗೊಬ್ಬರ. ಕವರಿನಲ್ಲಿ ಗಂಟು ಕಟ್ಟಿ ಕಳಿಸಿದರೆ ಕಸದ ಗುಡ್ಡದಲ್ಲಿ ಗಾಳಿಯಿಲ್ಲದೆ ಕೊಳೆತು ಮೀಥೇನ್ ಬಿಡುತ್ತದೆ. ಶಾಖ ಹಿಡಿದಿಡುವುದರಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಜೋರು. ಗುಡ್ಡದ ಅಡಿಯಿಂದ ಕಪ್ಪು ನೀರು ಬಸಿದು ಸುತ್ತಲಿನ ಬಾವಿಗೆ ಇಳಿಯುತ್ತದೆ. ಬೆಂಗಳೂರಿನ ಕಸ ಮಾವಳ್ಳಿಪುರ, ಮಂಡೂರು ಅಂತ ಪಕ್ಕದ ಹಳ್ಳಿಗಳಿಗೆ ಹೋಗುತ್ತಿತ್ತು. 2014ರಲ್ಲಿ ಮಂಡೂರಿನ ಜನ ಸಾಕಪ್ಪಾ ಸಾಕು ಅಂತ ಎದ್ದು ನಿಂತರು. ನಾವು ತಿಂದು ಬಿಟ್ಟದ್ದಕ್ಕೆ ಅವರು ಯಾಕೆ ಮೂಗು ಮುಚ್ಚಿಕೊಂಡು ಬದುಕಬೇಕು? 2015ರ ಕೊನೆಗೆ ಹೈಕೋರ್ಟೇ ಹೇಳಬೇಕಾಯಿತು, ಎರಡು ಬುಟ್ಟಿ ಒಂದು ಚೀಲ ಇಡಿ ಅಂತ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್, ಬ್ಯಾಂಡೇಜಿನಂಥವು, ಚೀಲಕ್ಕೆ ಒಣ ಕಸ. ಇದರಲ್ಲಿ ಮನೆಯಲ್ಲೇ ಪೂರ್ತಿ ಮುಗಿಸಲು ಆಗುವುದು ಹಸಿರು ಬುಟ್ಟಿಯದ್ದು ಮಾತ್ರ.

ಬುಟ್ಟಿಗೆ ಬೀಳುವ ಮೊದಲು ಇನ್ನೊಂದು ಸಲ ನೋಡಿ. ಹೀರೆಕಾಯಿ ಸಿಪ್ಪೆ ಹುರಿದು ಚಟ್ನಿ ಮಾಡಿದರೆ ಪಲ್ಯಕ್ಕಿಂತ ಅದೇ ಬೇಗ ಖಾಲಿಯಾಗುತ್ತದೆ. ಕಲ್ಲಂಗಡಿಯ ಬಿಳಿ ಭಾಗವನ್ನು ಅಕ್ಕಿಯ ಜೊತೆ ರುಬ್ಬಿದರೆ ಮೆತ್ತನೆ ದೋಸೆ. ಬಾಳೆಕಾಯಿ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿದರೆ ಪಲ್ಯ. ಇದು ಜಿಪುಣತನ ಅಂತ ನಗುವವರಿಗೆ ಮೊದಲು ಒಂದು ತುತ್ತು ಬಡಿಸಿ.

ಗೊಬ್ಬರ ಮಾಡಲು ಹಿತ್ತಲೇ ಬೇಕು ಅಂತಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿ ಸಾಕು. ಮೂರು ಅಂತಸ್ತಿನ ಮಣ್ಣಿನ ಮಡಕೆಗಳು ಸಿಗುತ್ತವೆ, ಚೆನ್ನಾಗಿರುತ್ತವೆ. ಆದರೆ ಹಳೇ ಬಕೆಟ್ಟಿಗೆ ಸುತ್ತಲೂ ತೂತು ಕೊರೆದರೂ ಅದೇ ಕೆಲಸ ಆಗುತ್ತದೆ. ತಳಕ್ಕೆ ಒಂದು ತಟ್ಟೆ ಇಡಿ, ಮೇಲೆ ಮುಚ್ಚಳ. ಒಳಗೆ ಮೊದಲು ಒಂದು ಗೇಣು ಒಣ ಎಲೆ. ದಿನದ ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ ಹಾಕಿ, ಅದರ ಮೇಲೆ ಅಷ್ಟೇ ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಹರಡಿ. ಎಲ್ಲ ಗುಟ್ಟು ಇರುವುದು ಈ ಒಣ ಪದಾರ್ಥದಲ್ಲಿ. ಹೆಚ್ಚಿನವರು ಸಿಪ್ಪೆ ಮೇಲೆ ಸಿಪ್ಪೆ ಸುರಿದು, ನಾಲ್ಕನೇ ದಿನ ನಾತ ಬಂತು ಅಂತ ಬಿಟ್ಟುಬಿಡುತ್ತಾರೆ. ನಾತ ಬಂದರೆ ನೀರು ಜಾಸ್ತಿ, ಗಾಳಿ ಕಡಿಮೆ ಅಂತ ಅರ್ಥ. ಒಣ ಎಲೆ ಇನ್ನಷ್ಟು ಹಾಕಿ ಕೋಲಿನಿಂದ ಕೆದಕಿ, ಎರಡು ದಿನಕ್ಕೆ ಸರಿಹೋಗುತ್ತದೆ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಆ ಹದ ಸಾಕು. ಪೂರ್ತಿ ಒಣಗಿ ಏನೂ ಆಗದೆ ಕೂತಿದ್ದರೆ ಒಂದು ಲೋಟ ಹುಳಿ ಮಜ್ಜಿಗೆ ಚಿಮುಕಿಸಿ.

ಬಿಳಿ ಬೂಷ್ಟು ಕಂಡರೆ ಗಾಬರಿಯಾಗಬೇಡಿ, ಅದು ಕೆಲಸ ನಡೆಯುತ್ತಿರುವ ಗುರುತು. ದಪ್ಪ ದಪ್ಪ ಹುಳು ಕಂಡರೂ ಅಷ್ಟೇ, ಅವು ಕಸ ತಿಂದು ಮುಗಿಸುವ ಕೂಲಿಯಿಲ್ಲದ ಆಳುಗಳು. ನೋಡಲು ಆಗುವುದಿಲ್ಲ ಅಂದರೆ ಮುಚ್ಚಳ ಮುಚ್ಚಿ, ಮೇಲೆ ಒಣ ಎಲೆ ದಪ್ಪಗಿರಲಿ. ಮೀನು ಮಾಂಸದ ಚೂರು, ಎಣ್ಣೆ ಜಿಡ್ಡಿನ ಅಡುಗೆ ಬೇಡ. ಅದಕ್ಕೆ ಇಲಿ ಬರುತ್ತದೆ. ಎರಡು ಮೂರು ತಿಂಗಳಲ್ಲಿ ಎಲ್ಲ ಕರಗಿ, ಮೊದಲ ಮಳೆಗೆ ಮಣ್ಣು ಬಿಡುವ ಘಮಲು ಬರುತ್ತದೆ. ಜರಡಿ ಹಿಡಿದು ಕರಿಬೇವಿನ ಕುಂಡಕ್ಕೆ ಹಾಕಿ. ಒಣ ಎಲೆ ಎಲ್ಲಿಂದ ತರೋದು ಅಂತ ಕೇಳುತ್ತೀರಿ. ಜನವರಿ ಫೆಬ್ರವರಿಯಲ್ಲಿ ರಸ್ತೆ ತುಂಬ ಹೊಂಗೆ ಎಲೆ ಉದುರಿರುತ್ತದೆ, ಗುಡಿಸಿ ಬೆಂಕಿ ಇಡುತ್ತಾರೆ. ಇಡುವ ಮೊದಲು ನಾಲ್ಕು ಗೋಣಿ ತುಂಬಿಸಿಟ್ಟುಕೊಳ್ಳಿ. ವರ್ಷಕ್ಕಾಗುವಷ್ಟು ಎಲೆ ಬಂತು, ಬೀದಿಯವರಿಗೆ ಹೊಗೆ ತಪ್ಪಿತು.

ಇನ್ನು ನೀರು. ಬೆಂಗಳೂರಿನ ನಲ್ಲಿಯಲ್ಲಿ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರ ಹತ್ತಿ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಹಾಕಿ ಮೇಲೆತ್ತುತ್ತಾರೆ. ಹಾಗಾಗಿ ನೀರು ಪೋಲಾದರೆ ಕರೆಂಟೂ ಪೋಲು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಲ್ಲಿಯ ಬಾಯಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಪುಟ್ಟ ಜಾಲರಿ, ಹಾಕಿಸಿ. ಅದಕ್ಕಾಗುವುದು ಚಿಲ್ಲರೆ ಖರ್ಚು, ಪಾತ್ರೆ ತೊಳೆಯುವಾಗ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಸೋಲಾರ್ ಇರುವ ಮನೆಗಳಲ್ಲಿ ಒಂದು ವಿಷಯ ಯಾರೂ ಗಮನಿಸುವುದಿಲ್ಲ. ಬಿಸಿನೀರು ಬರುವ ತನಕ ಪೈಪಿನಲ್ಲಿ ನಿಂತ ತಣ್ಣೀರನ್ನು ಸುಮ್ನೆ ಹರಿಯಬಿಡುತ್ತಾರೆ. ಚಾವಣಿಯಿಂದ ಕೆಳಗಿನ ಬಚ್ಚಲಿಗೆ ಬರುವಷ್ಟರಲ್ಲಿ ಒಂದು ಬಕೆಟ್ ಹೋಗಿರುತ್ತದೆ. ಕೆಳಗೆ ಬಕೆಟ್ ಇಡಿ, ಆ ನೀರು ಬಟ್ಟೆ ನೆನೆಸಲು ಆಯಿತು. ಆರ್‌ಒ ಫಿಲ್ಟರ್ ಹೊರಗೆ ಬಿಡುವ ನೀರು ನೆಲ ಒರೆಸಲು, ಕಕ್ಕಸಿಗೆ ಸಾಕು. ಗಿಡಗಳಿಗೆ ಮಾತ್ರ ದಿನಾ ಅದನ್ನೇ ಹಾಕಬೇಡಿ, ಉಪ್ಪಿನಂಶ ಕುಂಡದಲ್ಲಿ ಕೂರುತ್ತದೆ. ಗಿಡಕ್ಕೆ ಅಕ್ಕಿ ಬೇಳೆ ತೊಳೆದ ನೀರಿದೆಯಲ್ಲ. ಹಳ್ಳಿಯಲ್ಲಿ ಕಲಗಚ್ಚು ಅಂತ ಹಸುವಿಗೆ ಇಡುತ್ತಿದ್ದದ್ದು ಅದನ್ನೇ.

ತೊಳೆಯುವ ಬೆಳಗುವ ವಿಚಾರದಲ್ಲಿ ಹಳೆಯದೆಲ್ಲ ಒಳ್ಳೆಯದು ಅನ್ನುವ ಪೈಕಿ ನಾನಲ್ಲ. ಸೌದೆ ಒಲೆಯ ಹಂಡೆ ನೀರಿನ ಸ್ನಾನ ಹಿತವಾಗಿತ್ತು ನಿಜ, ಊದುಕೊಳವೆ ಊದಿದವರ ಕಣ್ಣು ಎದೆ ಏನಾಯಿತು ಅಂತಲೂ ಗೊತ್ತು. ಆದರೆ ಕೆಲವಕ್ಕೆ ಇವತ್ತಿಗೂ ಸಾಟಿಯಿಲ್ಲ. ತಾಮ್ರ ಹಿತ್ತಾಳೆಗೆ ಹುಣಸೆಹಣ್ಣು, ಉಪ್ಪು. ಹುಳಿಗೆ ಹಿಂಡಿದ ಮೇಲೆ ಉಳಿದ ಚರಟವೇ ಸಾಕು, ಹೊಸದು ಬೇಡ. ರೇಷ್ಮೆ ಸೀರೆಗೆ, ಉಣ್ಣೆಗೆ ಅಂಟುವಾಳ. ಎಂಟು ಹತ್ತು ಕಾಯಿಯ ಬೀಜ ತೆಗೆದು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಕಿವುಚಿ ಸೋಸಿ. ನೊರೆ ಕಡಿಮೆ ಬರುತ್ತದೆ. ನೊರೆಗೂ ಕೊಳೆ ಹೋಗುವುದಕ್ಕೂ ಅಂಥ ಸಂಬಂಧವೇನಿಲ್ಲ. ಹೊರಗಿಟ್ಟರೆ ಎರಡು ದಿನಕ್ಕೆ ಹಳಸುತ್ತದೆ, ಫ್ರಿಜ್ಜಿನಲ್ಲಿಡಿ, ಕಣ್ಣಿಗೆ ತಾಗಿಸಬೇಡಿ. ಪಾತ್ರೆ ಉಜ್ಜಲು ಬಲಿತ ತುಪ್ಪದ ಹೀರೆಕಾಯಿಯ ನಾರು. ಹಸಿರು ಸ್ಕ್ರಬ್ಬರಿನ ಪುಡಿ ಮೋರಿಗೆ ಹೋಗುವುದು ತಪ್ಪುತ್ತದೆ.

ನಿಂಬೆ, ಮೋಸಂಬಿ ಸಿಪ್ಪೆ ಹುದುಗಿಸಿ ಮಾಡುವ ತೊಳೆಯುವ ದ್ರಾವಣ, ಬಯೋ ಎನ್‌ಜೈಮ್, ಈಗ ಎಲ್ಲರ ಬಾಯಲ್ಲಿದೆ. ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು. ಗಾಜಿನ ಬಾಟಲಿ ಬೇಡ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ, ಇಲ್ಲದಿದ್ದರೆ ಬಾಟಲಿ ಸಿಡಿಯುತ್ತದೆ. ನೆಲ ಒರೆಸಲು, ಸಿಂಕಿಗೆ ಚೆನ್ನಾಗಿದೆ. ಎಣ್ಣೆ ಬಾಣಲೆಗೆ ಮಾತ್ರ ಏನೂ ಪ್ರಯೋಜನವಿಲ್ಲ, ಯಾರು ಎಷ್ಟೇ ಹೊಗಳಲಿ. ಅಂದ ಹಾಗೆ, ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ. ಹಳೇ ಪೇಪರಿನಲ್ಲಿ ಬಾಣಲೆ ಒರೆಸಿ ಆಮೇಲೆ ತೊಳೆದರೆ ಸೋಪೂ ಕಡಿಮೆ ಸಾಕು.

ಗ್ಯಾಸು, ಕರೆಂಟಿನ ಬಗ್ಗೆ ಬಹಳ ಹೇಳಲಿಕ್ಕಿಲ್ಲ, ಬಿಲ್ಲೇ ಪಾಠ ಹೇಳುತ್ತದೆ. ಬೇಳೆಯನ್ನು ಅರ್ಧ ಗಂಟೆ, ಕಾಳನ್ನು ರಾತ್ರಿಯಿಡೀ ನೆನೆಸಿ. ಕುಕ್ಕರಿನಲ್ಲಿ ಅನ್ನ ಬೇಳೆ ಒಟ್ಟಿಗೆ ಇಡಿ, ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ. ಉರಿ ಹಳದಿಯಾಗಿದ್ದರೆ ಬರ್ನರ್ ಬಿಚ್ಚಿ ತೊಳೆಯಿರಿ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಹಾಗಂತ ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ. ದಿನವಿಡೀ ತಿರುಗುವ ನಡುಮನೆಯ ಫ್ಯಾನ್ ಮೊದಲು, ಹಬ್ಬಕ್ಕೊಮ್ಮೆ ತಿರುಗುವ ಅತಿಥಿ ಕೋಣೆಯದ್ದು ಕೆಟ್ಟಾಗ.

ಪ್ಲಾಸ್ಟಿಕ್ ವಿಷಯಕ್ಕೆ ಬಂದರೆ, 2016ರಲ್ಲಿ ನಮ್ಮ ರಾಜ್ಯದಲ್ಲಿ, 2022ರ ಜುಲೈಯಿಂದ ಇಡೀ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಎಷ್ಟೋ ಪ್ಲಾಸ್ಟಿಕ್ ಸಾಮಾನಿಗೆ ನಿಷೇಧ ಬಂದಿದೆ. ಆದರೂ ಸೊಪ್ಪಿನವನ ಹತ್ತಿರ ತೆಳು ಕವರ್ ಇದ್ದೇ ಇರುತ್ತದೆ. ಚೀಲ ಮನೆಯಲ್ಲಿದ್ದು ಉಪಯೋಗವಿಲ್ಲ, ಒಂದು ಸ್ಕೂಟರಿನ ಡಿಕ್ಕಿಯಲ್ಲಿ, ಒಂದು ಆಫೀಸಿನ ಬ್ಯಾಗಿನಲ್ಲಿ ಇರಲಿ. ಹೋಟೆಲಿನ ಬಿಸಿ ಸಾಂಬಾರಿಗೆ ಸ್ಟೀಲ್ ಡಬ್ಬಿ ಒಯ್ಯಿರಿ. ನಂದಿನಿ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ, ಸ್ವಲ್ಪ ಅಂಟಿಕೊಂಡಿರಲಿ. ಪ್ಯಾಕೆಟ್ ತೊಳೆದು ಒಣಗಿಸಿದರೆ ಗುಜರಿಯವರು ಕೊಳ್ಳುತ್ತಾರೆ. ಬಿಡಿಯಾಗಿ ಬಿದ್ದ ಆ ಚಿಕ್ಕ ತುಣುಕನ್ನು ಯಾರು ಆರಿಸುತ್ತಾರೆ? ನೇರ ಮೋರಿಗೆ.

ಹಳೇ ನೂಲಿನ ಸೀರೆ, ಪಂಚೆ ಎಸೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಉತ್ತರ ಕರ್ನಾಟಕದ ಕಡೆ ಅವನ್ನೆಲ್ಲ ಪದರ ಪದರವಾಗಿ ಹೊಲಿದು ಕೌದಿ ಮಾಡುತ್ತಾರೆ, ಚಳಿಗೆ ಅದರಷ್ಟು ಬೆಚ್ಚಗೆ ಬೇರೆ ಇಲ್ಲ. ಹೊಲಿಯಲು ಬಾರದವರು ಚೌಕ ಕತ್ತರಿಸಿ ಕೈವಸ್ತ್ರ, ಒರೆಸುವ ಬಟ್ಟೆ ಮಾಡಿಕೊಳ್ಳಿ, ಟಿಶ್ಯೂ ಪೇಪರ್ ಬೇಕಾಗುವುದಿಲ್ಲ.

ಮನೆಯಲ್ಲಿ ವರ್ಷವಿಡೀ ಉಳಿಸಿದ್ದೆಲ್ಲ ಒಂದು ಗೃಹಪ್ರವೇಶದಲ್ಲಿ ಹೋಗಿಬಿಡುತ್ತದೆ. ಚಿಕ್ಕ ನೀರಿನ ಬಾಟಲಿ, ಐಸ್‌ಕ್ರೀಮ್ ಕಪ್ಪು, ಪೇಪರ್ ಲೋಟ. ಪೇಪರ್ ಲೋಟದ ಒಳಗೂ ಪ್ಲಾಸ್ಟಿಕ್ ಪದರ ಇರುತ್ತದೆ, ಕಾಗದ ಅಂತ ಮೋಸ ಹೋಗಬೇಡಿ. ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ ನಮ್ಮಲ್ಲಿ ಇದ್ದೇ ಇವೆ. ಸ್ಟೀಲ್ ಲೋಟ ತಟ್ಟೆಗೆ ಶಾಮಿಯಾನದವರನ್ನು ಕೇಳಿ. ಬೆಂಗಳೂರಿನಲ್ಲಿ ಅದಮ್ಯ ಚೇತನ ಅನ್ನುವ ಸಂಸ್ಥೆಯವರು ತಟ್ಟೆ ಲೋಟ ಎರವಲು ಕೊಡುವ ಪ್ಲೇಟ್ ಬ್ಯಾಂಕ್ ಕೂಡ ಇದೆ. ಇದನ್ನೆಲ್ಲ ಅಡುಗೆಯವರಿಗೆ ರೇಟು ಮಾತಾಡುವಾಗಲೇ ಹೇಳಿಬಿಡಿ. ಹಿಂದಿನ ದಿನ ಹೇಳಿದರೆ ಅವರು ಆಗಲೇ ಬಾಟಲಿಯ ಪೆಟ್ಟಿಗೆಗಳನ್ನು ಇಳಿಸಿರುತ್ತಾರೆ. ಲೋಟ ತೊಳೆಯಲು ಇಬ್ಬರು ಹೆಚ್ಚಿಗೆ ಬೇಕು ಅನ್ನುತ್ತಾರೆ, ಅವರ ಕೂಲಿ ಕೊಡಿ. ಬಾಟಲಿಯ ಖರ್ಚು ಲೆಕ್ಕ ಹಾಕಿದರೆ ಅದೇ ಅಗ್ಗ.