ಘಾಟಿಯ ದಾರಿಯಲ್ಲಿ ಹೈಬ್ರಿಡ್ ಕಾರು: ಕಿವಿಯನ್ನು ಬಿಟ್ಟು ಮುಳ್ಳನ್ನು ನಂಬಿದ ಅನುಭವ

ಮಲೆನಾಡಿನ ತಿರುವುಗಳಲ್ಲಿ ಗೇರಿನ ಕಾರು ಓಡಿಸಿ ಪಳಗಿದವರು ಬಹುಪಾಲು ಕಿವಿಯನ್ನೇ ನಂಬಿ ಓಡಿಸುತ್ತಾರೆ. ಏರಿನಲ್ಲಿ ಎಂಜಿನ್ ಏದುಸಿರು ಬಿಟ್ಟರೆ ಒಂದು ಗೇರ್ ಇಳಿಸುವುದು, ಇಳಿಜಾರಿನಲ್ಲಿ ಎರಡನೇ ಗೇರಿನ ಮೊರೆತ ಕೇಳುತ್ತಿದ್ದರೆ ಬ್ರೇಕಿನ ಮೇಲಿನ ಕಾಲನ್ನು ಸಡಿಲಿಸುವುದು, ಸದ್ದು ನಿಂತರೆ ಗಾಡಿ ಆಫ್ ಆಯಿತೆಂದು ತಿಳಿಯುವುದು, ಇವೆಲ್ಲ ಯೋಚಿಸದೆಯೇ ನಡೆದುಹೋಗುವ ಕೆಲಸಗಳು. ಹಲವು ವರ್ಷ ಡೀಸೆಲ್ ಕಾರು ಓಡಿಸಿದ ನಾನು ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಗೆ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರ್ ಎರಡರಿಂದಲೂ ಓಡುವ ಹೈಬ್ರಿಡ್ ಕಾರು ತಂದಾಗ, ಅದರ ಪರದೆ, ಕ್ಯಾಮೆರಾ, ಗುಂಡಿಗಳನ್ನು ಕಲಿಯುವುದಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಈ ಕಿವಿಯ ಅಭ್ಯಾಸವನ್ನು ಬದಲಿಸಿಕೊಳ್ಳುವುದಕ್ಕೆ.

ನಾನು ಕೊಂಡದ್ದು ಟೊಯೋಟಾ ಹೈರೈಡರ್‌ನ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಮೋಟಾರೊಂದರಿಂದಲೇ ಸ್ವಲ್ಪ ದೂರ ಓಡಬಲ್ಲ, ಮಾದರಿಯನ್ನು. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುವ ಈ ಕಾರು 2022ರಲ್ಲಿ ಮಾರುಕಟ್ಟೆಗೆ ಬಂತು. ಮಾರುತಿಯ ಗ್ರ್ಯಾಂಡ್ ವಿಟಾರಾ ಹೈಬ್ರಿಡ್‌ನಲ್ಲಿರುವುದೂ ಇದೇ ಯಂತ್ರವ್ಯವಸ್ಥೆ. ಮೂರು ಸಿಲಿಂಡರುಗಳ 1490 ಸಿಸಿ ಪೆಟ್ರೋಲ್ ಎಂಜಿನ್ನಿನ ಶಕ್ತಿ ಸುಮಾರು 92 ಅಶ್ವಶಕ್ತಿ, ಚಕ್ರ ತಿರುಗಿಸುವ ವಿದ್ಯುತ್ ಮೋಟಾರಿನದು ಸುಮಾರು 80. ಎರಡನ್ನೂ ಕೂಡಿಸಿದರೆ 172 ಆಗಬೇಕಲ್ಲವೇ ಎಂದು ಕೇಳಬಹುದು. ಆದರೆ ಕಂಪನಿ ಹೇಳುವ ಒಟ್ಟು ಶಕ್ತಿ 116 ಮಾತ್ರ. ಬ್ಯಾಟರಿ ಒಂದು ಕ್ಷಣದಲ್ಲಿ ಕೊಡಬಲ್ಲ ವಿದ್ಯುತ್ತಿಗೆ ಮಿತಿ ಇರುವುದರಿಂದ ಈ ವ್ಯತ್ಯಾಸ. ಆ ಬ್ಯಾಟರಿ ಎಷ್ಟು ಚಿಕ್ಕದೆಂಬುದು ಮನಸ್ಸಿನಲ್ಲಿ ಕೂತರೆ ಈ ಕಾರಿನ ಅರ್ಧ ನಡವಳಿಕೆ ತಾನಾಗಿಯೇ ಅರ್ಥವಾಗುತ್ತದೆ. ಅದರ ಸಾಮರ್ಥ್ಯ 0.76 ಯೂನಿಟ್, ಅಂದರೆ ಮನೆಯ ಮೀಟರಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ ವಿದ್ಯುತ್ತು. ಅದು ಕಣಜವಲ್ಲ, ಅಡಿಗೆಮನೆಯ ಡಬ್ಬಿ. ದಿನವಿಡೀ ತುಂಬುತ್ತ ಖಾಲಿಯಾಗುತ್ತ ಇರುವುದೇ ಅದರ ಕೆಲಸ.

"ರಾತ್ರಿ ಇದನ್ನ ಚಾರ್ಜಿಗೆ ಹಾಕ್ತೀರಾ ಮಾರಾಯ್ರೆ? ಮಳೆಗಾಲದಲ್ಲಿ ಕರೆಂಟೇ ಇರಲ್ವಲ್ಲ!" ಎಂದು ಪಕ್ಕದ ತೋಟದವರು ಕೇಳಿದ್ದರು. ಚಾರ್ಜಿಗೆ ಹಾಕುವ ಪ್ರಶ್ನೆಯೇ ಇಲ್ಲ, ಇದಕ್ಕೆ ಪ್ಲಗ್ಗೂ ಇಲ್ಲ. ಬ್ಯಾಟರಿಗೆ ಬರುವ ವಿದ್ಯುತ್ತೆಲ್ಲ ಒಂದೋ ಎಂಜಿನ್ನಿನಿಂದ, ಇಲ್ಲವೇ ವೇಗ ತಗ್ಗಿಸುವಾಗ ಮತ್ತು ಇಳಿಜಾರು ಇಳಿಯುವಾಗ ಚಕ್ರಗಳಿಂದ. ಟೊಯೋಟಾ 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಕಾರಿನೊಂದಿಗೆ ಮಾರುಕಟ್ಟೆಗೆ ತಂದ ಏರ್ಪಾಡಿನ ವಂಶದ್ದೇ ಇದು: ಎಂಜಿನ್ ಮತ್ತು ಎರಡು ವಿದ್ಯುತ್ ಯಂತ್ರಗಳನ್ನು ಒಂದು ಗ್ರಹೀಯ ಗೇರ್ ಜೋಡಣೆ (ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಹಲ್ಲುಚಕ್ರಗಳು ಗ್ರಹಗಳಂತೆ ಸುತ್ತುವ ಏರ್ಪಾಡು) ಒಂದುಗೂಡಿಸುತ್ತದೆ. ಅದರಲ್ಲಿ ಕ್ಲಚ್ ಇಲ್ಲ, ಬದಲಿಸಬೇಕಾದ ಗೇರುಗಳಿಲ್ಲ, ಹಳೆಯ ಕಾರುಗಳಲ್ಲಿದ್ದಂಥ ಪ್ರತ್ಯೇಕ ಸ್ಟಾರ್ಟರ್ ಮೋಟಾರೂ ಇಲ್ಲ. ಎಂಜಿನ್ನಿನ ವೇಗಕ್ಕೂ ಚಕ್ರದ ವೇಗಕ್ಕೂ ನೇರ ಸಂಬಂಧ ಉಳಿಯದಿರುವುದರಿಂದಲೇ ಕಿವಿಗೆ ಬೀಳುವ ಸದ್ದು ದಾರಿ ತಪ್ಪಿಸುತ್ತದೆ.

ಹಾಗಾಗಿ ನಾನು ಮೊದಲು ರೂಢಿಸಿಕೊಂಡದ್ದು ಸ್ಟೀರಿಂಗಿನ ಹಿಂದಿರುವ ಮೀಟರನ್ನು ಓದುವುದನ್ನು. ಅಲ್ಲಿ ಚಾರ್ಜ್, ಇಕೋ, ಪವರ್ ಎಂಬ ಮೂರು ವಲಯಗಳಿವೆ. ಕಾಲು ಎತ್ತಿದಾಗ ಮುಳ್ಳು ಚಾರ್ಜ್ ಕಡೆಗೆ ವಾಲುತ್ತದೆ, ಹದವಾಗಿ ಒತ್ತಿದರೆ ಇಕೋದಲ್ಲಿ ನಿಲ್ಲುತ್ತದೆ, ಜೋರಾಗಿ ಒತ್ತಿದರೆ ಪವರ್ ವಲಯಕ್ಕೆ ಹಾರುತ್ತದೆ. ಶಿವಮೊಗ್ಗದಿಂದ ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ಮೇಲೆ ತೀರ್ಥಹಳ್ಳಿಗೆ ಬರುವ ರಸ್ತೆ ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದಂತಿದೆ. ಏರಿಳಿತಗಳು ಸಣ್ಣವು, ತಿರುವುಗಳು ಸೌಮ್ಯ. ಬೇಕಾದ ವೇಗ ಬಂದ ಮೇಲೆ ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ಬಿಟ್ಟು ಮತ್ತೆ ಮೆಲ್ಲಗೆ ಒತ್ತಿದರೆ ಎಂಜಿನ್ ನಿಂತು, ಬ್ಯಾಟರಿಯಲ್ಲಿ ವಿದ್ಯುತ್ತು ಇರುವಷ್ಟು ಹೊತ್ತು ಕಾರು ಮೋಟಾರಿನಲ್ಲಿಯೇ ಸಾಗುತ್ತದೆ. ಮೋಟಾರಿನಲ್ಲಷ್ಟೇ ಓಡಿಸಲು ಇವಿ ಎಂಬ ಗುಂಡಿಯೂ ಒಂದಿದೆ. ಆದರೆ ವೇಗ ಹೆಚ್ಚಿದರೆ ಅಥವಾ ಬ್ಯಾಟರಿ ತಗ್ಗಿದರೆ ಅದು ತಾನಾಗಿಯೇ ರದ್ದಾಗುವುದರಿಂದ, ನಸುಕಿನಲ್ಲಿ ಮನೆಯವರನ್ನು ಎಬ್ಬಿಸದೆ ಅಂಗಳದಿಂದ ಹೊರಡುವುದಕ್ಕೆ ಬಿಟ್ಟರೆ ನನಗೆ ಅದರ ಉಪಯೋಗ ಕಂಡಿಲ್ಲ.

ಸದ್ದಿಲ್ಲದಿರುವುದರಿಂದ ಹುಟ್ಟುವ ಅಪಾಯದ ಬಗ್ಗೆ ಮನೆಯವರಿಗೆಲ್ಲ ಹೇಳಿಕೊಡಬೇಕಾಯಿತು. ಗುಂಡಿ ಒತ್ತಿದಾಗ ಎಂಜಿನ್ ಶುರುವಾಗದಿರಬಹುದು. ಮೀಟರಿನಲ್ಲಿ ರೆಡಿ ಎಂಬ ದೀಪ ಹೊತ್ತಿದ್ದರೆ ಕಾರು ಹೊರಡಲು ಸಿದ್ಧವಾಗಿದೆ ಎಂದೇ ಅರ್ಥ. ಅಮ್ಮನಿಗೆ ಮಾತ್ರ ಇದು ಇನ್ನೂ ಒಗ್ಗಿಲ್ಲ. ಕಾರು ನಿಂತು ಸದ್ದಡಗಿದೊಡನೆ "ಆಫ್ ಆಯ್ತಲ್ಲ" ಎಂದು ಬಾಗಿಲು ತೆರೆಯುತ್ತಾರೆ. ಆದ್ದರಿಂದ ಮೊದಲು ಪಾರ್ಕ್‌ಗೆ ಹಾಕಿ, ಗುಂಡಿ ಒತ್ತಿ, ರೆಡಿ ದೀಪ ಆರಿದ್ದನ್ನು ನೋಡಿದ ಮೇಲೆಯೇ ಇಳಿಯಿರಿ ಎನ್ನುವುದನ್ನು ರೂಢಿ ಮಾಡಿಕೊಂಡಿದ್ದೇನೆ. ರಸ್ತೆಯ ಮೇಲಿನ ದನಗಳ ವಿಷಯವೂ ಹೀಗೆಯೇ. ನಿಧಾನವಾಗಿ ಹೋಗುವಾಗ ಕಾರು ತಾನೇ ಒಂದು ಸಣ್ಣ ಗುಂಯ್‌ಗುಡುವ ಸದ್ದು ಹೊರಡಿಸುತ್ತದೆ, ಆದರೆ ಲಾರಿ ಬಸ್ಸುಗಳ ಗದ್ದಲಕ್ಕೆ ಒಗ್ಗಿದ ನಮ್ಮೂರಿನ ದನಗಳು ಅದಕ್ಕೆ ಕಿವಿಯನ್ನೂ ಆಡಿಸುವುದಿಲ್ಲ.

ಕಿವಿಯ ಅಭ್ಯಾಸ ಹೆಚ್ಚು ಕೈಕೊಡುವುದು ಘಾಟಿಯಲ್ಲಿ. ಮಗಳು ಮಣಿಪಾಲದಲ್ಲಿ ಓದುತ್ತಿರುವುದರಿಂದ ಆಗುಂಬೆ ಘಾಟಿ ನಮಗೆ ಪರಿಚಿತ ದಾರಿ. ಸೋಮೇಶ್ವರದಿಂದ ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಹತ್ತುವಾಗ ಬ್ಯಾಟರಿ ಬೇಗ ತಗ್ಗುತ್ತದೆ. ಆಮೇಲೆ ಎಂಜಿನ್ ಚಕ್ರಗಳಿಗೂ ಶಕ್ತಿ ಕೊಟ್ಟು, ಜೊತೆಗೆ ವಿದ್ಯುತ್ತನ್ನೂ ಉತ್ಪಾದಿಸಬೇಕಾಗಿ ಬರುವುದರಿಂದ ಒಂದೇ ಎತ್ತರದ ಸ್ವರದಲ್ಲಿ ಕೂಗುತ್ತಲೇ ಇರುತ್ತದೆ. ಕಾರು ಮೂವತ್ತರ ವೇಗದಲ್ಲಿದ್ದು ಎಂಜಿನ್ ಎಂಬತ್ತರಲ್ಲಿರುವಂತೆ ಕೇಳಿದಾಗ, ಕ್ಲಚ್ ಜಾರುತ್ತಿದೆ ಎಂದು ಹಳೆಯ ಚಾಲಕರ ಮನಸ್ಸು ಹೇಳುತ್ತದೆ. ಇಲ್ಲಿ ಜಾರಲು ಕ್ಲಚ್ಚೇ ಇಲ್ಲ. ಆ ಸದ್ದು ಸಹಜ. ನೆನಪಿಡಬೇಕಾದದ್ದು ಬೇರೆ: ಬ್ಯಾಟರಿ ತಳಮುಟ್ಟಿದ ಮೇಲೆ ಮೋಟಾರಿನ ನೆರವು ಕುಗ್ಗುವುದರಿಂದ, ಏರಿನ ಆರಂಭದಲ್ಲಿ ಸಿಕ್ಕ ಚುರುಕು ಏರಿನ ಕೊನೆಯಲ್ಲಿ ಸಿಗುವುದಿಲ್ಲ. ಮೇಲಿನ ತಿರುವುಗಳಲ್ಲಿ ಬಸ್ಸನ್ನು ಹಿಂದಿಕ್ಕುವ ಯೋಚನೆ ಮಾಡುವಾಗ ನಾನು ಬ್ಯಾಟರಿಯ ಗೆರೆಗಳನ್ನು ನೋಡಿಯೇ ನಿರ್ಧರಿಸುತ್ತೇನೆ, ಬಹುತೇಕ ಸಲ ಬಸ್ಸಿನ ಹಿಂದೆಯೇ ಉಳಿಯುತ್ತೇನೆ.

ಇಳಿಯುವಾಗಿನ ಕಥೆ ಇನ್ನೂ ವಿಚಿತ್ರ. ಆಗುಂಬೆಯ ನೆತ್ತಿಯಿಂದ ಹೊರಟಾಗ ಮುಳ್ಳು ಚಾರ್ಜ್ ವಲಯದಲ್ಲಿಯೇ ಇರುತ್ತದೆ, ಎಂಜಿನ್ ಮೌನ, ಬ್ಯಾಟರಿಯ ಗೆರೆಗಳು ಒಂದೊಂದಾಗಿ ಏರುತ್ತವೆ, ಪುಕ್ಕಟೆ ವಿದ್ಯುತ್ತು ಸಿಗುತ್ತಿದೆಯೆಂದು ಮನಸ್ಸಿಗೆ ಹಿತವೆನಿಸುತ್ತದೆ. ಘಾಟಿ ಇನ್ನೂ ಬಹಳ ಉಳಿದಿರುವಾಗಲೇ, ಆಕ್ಸಿಲರೇಟರಿನ ಮೇಲೆ ಕಾಲೇ ಇಲ್ಲದಿದ್ದರೂ, ಎಂಜಿನ್ ಇದ್ದಕ್ಕಿದ್ದಂತೆ ಜೋರಾಗಿ ಮೊರೆಯತೊಡಗುತ್ತದೆ. ಇದರ ಕಾರಣವನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ ಮೇಲೆ ನನಗೆ ಸಮಾಧಾನವಾಯಿತು. ಜನ ಮತ್ತು ಸಾಮಾನು ಸೇರಿ ಕಾರಿನ ತೂಕ ಸುಮಾರು 1600 ಕಿಲೋ, ಇಳಿಯುವ ಎತ್ತರ ಸುಮಾರು 500 ಮೀಟರ್ ಎಂದಿಟ್ಟುಕೊಂಡರೆ, ಬಿಡುಗಡೆಯಾಗುವ ಶಕ್ತಿ ಎರಡು ಯೂನಿಟ್ಟಿಗೂ ತುಸು ಹೆಚ್ಚು. ಟೈರಿನ ಘರ್ಷಣೆಗೂ ಪರಿವರ್ತನೆಯ ನಷ್ಟಕ್ಕೂ ಅರ್ಧ ಹೋಯಿತೆಂದರೂ ಒಂದು ಯೂನಿಟ್ ಉಳಿಯುತ್ತದೆ. ಬ್ಯಾಟರಿಯಲ್ಲಿ ಹಿಡಿಯುವುದು ಒಟ್ಟು ಮುಕ್ಕಾಲು ಯೂನಿಟ್. ಅದರ ಬಾಳಿಕೆಯ ದೃಷ್ಟಿಯಿಂದ ಕಂಪ್ಯೂಟರ್ ಅದನ್ನು ಪೂರ್ತಿ ಬರಿದಾಗಲೂ ಪೂರ್ತಿ ತುಂಬಲೂ ಬಿಡುವುದಿಲ್ಲವಾದ್ದರಿಂದ, ನಿಜವಾಗಿ ತುಂಬಬಹುದಾದ ಜಾಗ ಇನ್ನೂ ಕಡಿಮೆ. ಜಾಗ ಮುಗಿದ ಮೇಲೆ ಉಳಿದ ಶಕ್ತಿಯನ್ನು ಎಲ್ಲಿಯಾದರೂ ವ್ಯಯಿಸಬೇಕಲ್ಲ? ಆಗ ಕಾರು ಆ ವಿದ್ಯುತ್ತಿನಿಂದ ಎಂಜಿನ್ನನ್ನು ಪೆಟ್ರೋಲಿಲ್ಲದೆ ಸುಮ್ಮನೆ ತಿರುಗಿಸುತ್ತದೆ. ಹಳೆಯ ಕಾರಿನಲ್ಲಿ ಎರಡನೇ ಗೇರಿಗೆ ಹಾಕಿ ಇಳಿಯುತ್ತಿದ್ದಾಗ ನಡೆಯುತ್ತಿದ್ದ ಎಂಜಿನ್ ಬ್ರೇಕಿಂಗ್ ಕೆಲಸವನ್ನೇ ಇಲ್ಲಿ ಕಾರು ತಾನಾಗಿ ಮಾಡಿಕೊಳ್ಳುತ್ತದೆ.

ಇದನ್ನು ತಿಳಿದ ಮೇಲೆ ನಾನು ಪಾಲಿಸುವ ಕ್ರಮ ಸರಳ. ಘಾಟಿಯ ನೆತ್ತಿಯಲ್ಲಿಯೇ ಲಿವರನ್ನು ಮಾಮೂಲಿ ಓಟದ ಡಿ ಸ್ಥಾನದಿಂದ ಇಳಿಜಾರಿಗೆಂದೇ ಇರುವ ಬಿ ಸ್ಥಾನಕ್ಕೆ ಎಳೆದುಕೊಳ್ಳುತ್ತೇನೆ. ಬಿ ಸ್ಥಾನದಲ್ಲಿ ಕಾಲೆತ್ತಿದೊಡನೆ ಕಾರು ಬಲವಾಗಿ ತಡೆಹಿಡಿದಂತೆ ನಿಧಾನವಾಗುತ್ತದೆ, ಬ್ರೇಕ್ ಪ್ಯಾಡುಗಳು ಕಾಯುವುದು ತಪ್ಪುತ್ತದೆ. ಸೋಮೇಶ್ವರ ಬಂದು ರಸ್ತೆ ಸಮವಾದೊಡನೆ ಡಿಗೆ ಮರಳಬೇಕು, ಇಲ್ಲದಿದ್ದರೆ ಅನಗತ್ಯವಾಗಿ ವೇಗ ಕಳೆದುಕೊಂಡು ಪೆಟ್ರೋಲ್ ವ್ಯರ್ಥವಾಗುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ಲಿಗೆ ಹಾಕಿ ಘಾಟಿ ಇಳಿಯುವ ಕೆಟ್ಟ ಚಾಳಿ ನಮ್ಮ ಕಡೆ ಇನ್ನೂ ಇದೆ. ಯಾವ ಕಾರಿನಲ್ಲಿಯೂ ಅದು ಅಪಾಯವೇ. ಹೈಬ್ರಿಡ್‌ನಲ್ಲಿ ಅದು ನಷ್ಟವೂ ಹೌದು, ಏಕೆಂದರೆ ನ್ಯೂಟ್ರಲ್ಲಿನಲ್ಲಿ ಬ್ಯಾಟರಿ ಚಾರ್ಜ್ ಆಗುವುದಿಲ್ಲ.

ಬ್ರೇಕ್ ಪೆಡಲನ್ನು ಹಗುರವಾಗಿ ಒತ್ತಿದಾಗ ಬಹುಮಟ್ಟಿಗೆ ಮೋಟಾರೇ ತಡೆಯುತ್ತದೆ, ಇನ್ನಷ್ಟು ಒತ್ತಿದಾಗ ಡಿಸ್ಕ್ ಬ್ರೇಕುಗಳು ಸೇರಿಕೊಳ್ಳುತ್ತವೆ. ಇವೆರಡರ ನಡುವಿನ ಬದಲಾವಣೆ, ಮುಖ್ಯವಾಗಿ ನಿಲ್ಲುವ ಕೊನೆಯ ಕ್ಷಣದಲ್ಲಿ, ಕಾಲಿಗೆ ಸ್ವಲ್ಪ ಬೇರೆಯಾಗಿಯೇ ತಿಳಿಯುತ್ತದೆ. ರೂಢಿಯಾಗಲು ಸಮಯ ಬೇಕು. ಇದರಿಂದ ಪ್ಯಾಡುಗಳು ಸವೆಯುವುದು ಕಡಿಮೆ ಎನ್ನುವುದು ಲಾಭವೇ, ಆದರೆ ನಮ್ಮ ಮಳೆಗಾಲದಲ್ಲಿ ಅದಕ್ಕೆ ಇನ್ನೊಂದು ಮುಖವಿದೆ. ಉಜ್ಜಾಟ ಕಡಿಮೆಯಾದ ಡಿಸ್ಕುಗಳ ಮೇಲೆ ತೇವಕ್ಕೆ ತುಕ್ಕಿನ ಪದರ ಕೂರುತ್ತದೆ. ಆಷಾಢದಲ್ಲಿ ಕಾರನ್ನು ಕೆಲವು ದಿನ ನಿಲ್ಲಿಸಿ ಹೊರತೆಗೆದಾಗ, ಹಿಂದೆ ಯಾರೂ ಇಲ್ಲದ ಜಾಗ ನೋಡಿ ಕೆಲವು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ ಡಿಸ್ಕುಗಳನ್ನು ಉಜ್ಜಿಕೊಳ್ಳುತ್ತೇನೆ.

ರಿವರ್ಸಿನ ವಿಷಯ ತೋಟದ ಮನೆಯವರಿಗೆ ಮುಖ್ಯ. ಈ ಏರ್ಪಾಡಿನಲ್ಲಿ ರಿವರ್ಸ್ ಗೇರ್ ಎಂಬುದೇ ಇಲ್ಲ. ವಿದ್ಯುತ್ ಮೋಟಾರ್ ಉಲ್ಟಾ ತಿರುಗಿ ಕಾರನ್ನು ಹಿಂದಕ್ಕೆ ಒಯ್ಯುತ್ತದೆ. ನಮ್ಮ ಮನೆಯ ದರೆಯಂಚಿನ ಏರನ್ನು ಹಿಮ್ಮುಖವಾಗಿ ಹತ್ತಿಸುವಾಗ ಹಳೆಯ ಕಾರಿನಲ್ಲಿ ಕ್ಲಚ್ ಸುಡುವ ವಾಸನೆ ಬರುತ್ತಿತ್ತು, ಈಗ ಕಾರು ನಾಜೂಕಾಗಿ ಸಾಗುತ್ತದೆ. ಆದರೆ ಇದು ಮುಂಚಕ್ರದ ಗಾಡಿ ಎಂಬುದನ್ನು ಮರೆಯುವಂತಿಲ್ಲ. ಹೈರೈಡರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾದರಿ ಇದೆಯಾದರೂ ಅದು ಸ್ಟ್ರಾಂಗ್ ಹೈಬ್ರಿಡ್ ಅಲ್ಲ. ಮಳೆಗಾಲದಲ್ಲಿ ಕೆಸರು ರಾಡಿಯಾದ ತೋಟದ ದಾರಿಗೆ ಇಳಿಯಲು ಮನೆಯ ಹಳೆಯ ಜೀಪೇ ಸರಿ.

ಮಳೆಯಲ್ಲಿ ಗಾಜಿಗೆ ಹಬೆ ಕಟ್ಟುವುದು ನಮಗೆ ನಿತ್ಯದ ತೊಂದರೆ. ಈ ಕಾರಿನ ಏಸಿ ಕಂಪ್ರೆಸರ್ ವಿದ್ಯುತ್ತಿನಿಂದಲೇ ನಡೆಯುವುದರಿಂದ ಎಂಜಿನ್ ನಿಂತಿದ್ದರೂ ಹಬೆ ತೆಗೆಯಬಹುದು. ಆದರೆ ಉಷ್ಣತೆಯನ್ನು ಹೆಚ್ಚಿಗೆ ಇಟ್ಟರೆ, ಬಿಸಿಗಾಳಿಗೆ ಬೇಕಾದ ಬಿಸಿನೀರು ಎಂಜಿನ್ನಿನಿಂದಲೇ ಬರಬೇಕಾದ್ದರಿಂದ ಎಂಜಿನ್ ಓಡತೊಡಗುತ್ತದೆ. ಏಸಿ ಹಾಕಿ, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಉಷ್ಣತೆಯನ್ನು ಕೈಕಾಲು ನಡುಗದಷ್ಟು ಮಾತ್ರ ಇಟ್ಟುಕೊಳ್ಳುವುದು ನಾನು ಕಂಡುಕೊಂಡ ಹದ.

ಸ್ಟಾರ್ಟ್ ಮಾಡಲು ಹೈಬ್ರಿಡ್ ಬ್ಯಾಟರಿ ಇರುವಾಗ ಅದಕ್ಕಿಂತಲೂ ಸಣ್ಣ 12 ವೋಲ್ಟ್ ಬ್ಯಾಟರಿಯ ಚಿಂತೆ ಏಕೆ ಎನಿಸಬಹುದು. ಕಾರಿನ ಕಂಪ್ಯೂಟರುಗಳು ಎಚ್ಚರಗೊಳ್ಳುವುದು ಆ ಸಣ್ಣ ಬ್ಯಾಟರಿಯಿಂದ. ಅದು ಸತ್ತರೆ ರೆಡಿ ದೀಪ ಹೊತ್ತುವುದಿಲ್ಲ. ಜೀಪನ್ನು ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುವ ನಮ್ಮೂರಿನ ವಿದ್ಯೆ ಇಲ್ಲಿ ನಡೆಯದು, ಕೆಟ್ಟರೆ ಮುಂಚಕ್ರಗಳನ್ನು ನೆಲದ ಮೇಲೆ ಉರುಳಿಸುತ್ತ ಎಳೆದೊಯ್ಯುವಂತೆಯೂ ಇಲ್ಲ. ಕಾರು ಹೆಚ್ಚು ದಿನ ನಿಂತಿದ್ದರೆ ಆಗಾಗ ರೆಡಿಯಲ್ಲಿಟ್ಟು ಸ್ವಲ್ಪ ಹೊತ್ತು ಬಿಡುತ್ತೇನೆ, ರೆಡಿ ಇಲ್ಲದೆ ಹಾಡು ಕೇಳುವುದನ್ನು ಮಕ್ಕಳಿಗೆ ನಿಷೇಧಿಸಿದ್ದೇನೆ. ಹೈಬ್ರಿಡ್ ಬ್ಯಾಟರಿ ತಂಪಾಗಲು ಕಾರಿನ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುವುದರಿಂದ, ಕೈಪಿಡಿ ನೋಡಿ ಅದರ ಕಿಂಡಿಯನ್ನು ಗುರುತಿಸಿ, ಅಡಿಕೆಯ ಚೀಲವಾಗಲಿ ಕಂಬಳಿಯಾಗಲಿ ಅದನ್ನು ಮುಚ್ಚದಂತೆ ನೋಡಿಕೊಳ್ಳಬೇಕು. ಕಿತ್ತಳೆ ಬಣ್ಣದ ದಪ್ಪ ತಂತಿಗಳು ಹೆಚ್ಚಿನ ವೋಲ್ಟೇಜಿನವು. ಇಲಿ ಕಡಿದ ಗುರುತು ಕಂಡರೂ ಕೈ ಹಾಕದೆ ಸರ್ವೀಸಿನವರಿಗೇ ಬಿಡುವುದು ಕ್ಷೇಮ.

ಫೋನಿನ ಆ್ಯಪ್ ಮುಂತಾದವುಗಳ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಕಾಡಿನ ನಡುವೆ ನೆಟ್‌ವರ್ಕ್ ಇಲ್ಲದ ಕಡೆ ಅವು ಕೆಲಸಕ್ಕೆ ಬಾರವು, ಕ್ಯಾಮೆರಾಗಳ ಮೇಲೆ ಕೆಂಪು ಕೆಸರು ಹಾರಿದರೆ ಅವೂ ಕುರುಡು.

ಮೈಲೇಜನ್ನು ಪರದೆಯ ಲೆಕ್ಕದಿಂದಲ್ಲದೆ ಟ್ಯಾಂಕಿನಿಂದ ಟ್ಯಾಂಕಿಗೆ ಅಳೆಯುತ್ತೇನೆ. ಪ್ರಮಾಣಿತ ಪರೀಕ್ಷೆಯ ಅಂಕಿ ಲೀಟರಿಗೆ 27.97 ಕಿಲೋಮೀಟರ್. ಶಿವಮೊಗ್ಗದ ರಸ್ತೆಯಲ್ಲಿ ಹದವಾಗಿ ಓಡಿಸಿದರೆ ಇಪ್ಪತ್ತನಾಲ್ಕರ ಆಸುಪಾಸು ಸಿಗುತ್ತದೆ, ಘಾಟಿ ಹತ್ತಿ ಇಳಿದ ಟ್ಯಾಂಕಿನಲ್ಲಿ ಅದಕ್ಕಿಂತ ಕಡಿಮೆ. ಎಲ್ಲಕ್ಕಿಂತ ಕಡಿಮೆ ಬರುವುದು ಘಾಟಿಯಲ್ಲಲ್ಲ, ಮಳೆಗಾಲದ ಬೆಳಗ್ಗೆ ಮನೆಯಿಂದ ಪೇಟೆಗೆ ಹೋಗಿ ಬರುವ ಸಣ್ಣ ಓಡಾಟದಲ್ಲಿ; ತಣ್ಣಗಿರುವ ಎಂಜಿನ್ ಪ್ರತಿ ಸಲವೂ ಮೊದಲು ತನ್ನನ್ನು ಬಿಸಿ ಮಾಡಿಕೊಳ್ಳಲು ಓಡಬೇಕಾಗುತ್ತದೆ, ಅದು ಬಿಸಿಯಾಗುವಷ್ಟರಲ್ಲಿ ಪೇಟೆ ಬಂದಿರುತ್ತದೆ. ಆದ್ದರಿಂದ ಹಾಲು, ಪೇಪರಿನ ಕೆಲಸಕ್ಕೆ ಈಗಲೂ ಸ್ಕೂಟರನ್ನೇ ತೆಗೆಯುತ್ತೇನೆ.